ಮಕ್ಕಳ ಮಾನಸಿಕ ಆರೋಗ್ಯ ಮತ್ತು ಯಾಜಕನ ತರಬೇತಿ: ಕೋಲಾರ ಸೀಮೆಯಿಂದ ಕೆಲವು ಟಿಪ್ಪಣಿಗಳು

ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿತು. ಆ 12ರಲ್ಲಿ ಕರ್ನಾಟಕ ಸೇರಿರಲಿಲ್ಲ. ಆದರೆ ಸಮೀಕ್ಷೆಯ ವಿಧಾನವು ಜನರ ನಡುವೆ ನಡೆಯುತ್ತದೆಯೇ ಎಂದು ಮೊದಲು ಪರೀಕ್ಷಿಸಿ ನೋಡಿದ್ದು ಕೋಲಾರ ಜಿಲ್ಲೆಯಲ್ಲಿ. ಅಲ್ಲಿ 3,000ಕ್ಕೂ ಹೆಚ್ಚು ಜನರನ್ನು ಮಾತನಾಡಿಸಲಾಯಿತು. ಆಮೇಲೆ ಬಂದ ರಾಷ್ಟ್ರೀಯ ವರದಿಯು 13ರಿಂದ 17 ವರ್ಷದ ಹದಿಹರೆಯದವರಲ್ಲಿ ಶೇಕಡ 7.3ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ಅಸ್ವಸ್ಥತೆ ಇದೆಯೆಂದು ತಿಳಿಸಿತು. ನಮ್ಮ ಧರ್ಮೋಪದೇಶ ತರಗತಿಯಲ್ಲಿ ಆ ವಯಸ್ಸಿನ 40 ಮಕ್ಕಳು ಕುಳಿತಿದ್ದರೆ ಅವರಲ್ಲಿ ಸುಮಾರು ಮೂವರು. ಆ ಮೂವರನ್ನು ಗುರುತಿಸಲು ನಮ್ಮಲ್ಲಿ ಎಷ್ಟು ಮಂದಿ ಗುರುಗಳಿಗೆ ಬರುತ್ತದೆ ಎಂಬುದೇ ಈ ಬರಹದ ಪ್ರಶ್ನೆ.

ನನಗೆ ಬರುತ್ತಿರಲಿಲ್ಲ. ಗುರುದೀಕ್ಷೆಯಾದ ಎರಡನೆಯ ವರ್ಷ ಶ್ರೀನಿವಾಸಪುರದ ಕಡೆಯ ಹಳ್ಳಿಯೊಂದಕ್ಕೆ ಭಾನುವಾರ ಬಲಿಪೂಜೆಗೆ ಹೋಗುತ್ತಿದ್ದೆ. ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳನ್ನು ಅವಳ ತಾಯಿ ಮೂರು ಭಾನುವಾರ ಸತತವಾಗಿ ನನ್ನ ಮುಂದೆ ತಂದು ನಿಲ್ಲಿಸಿದರು (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ). "ಹೊಟ್ಟೆನೋವು ಅಂತಾಳೆ ಫಾದರ್, ಡಾಕ್ಟರು ಏನೂ ಇಲ್ಲ ಅಂತಾರೆ, ಒಂದು ಪ್ರಾರ್ಥನೆ ಮಾಡಿ." ಮೂರು ಸಲವೂ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆ, ಮೂರನೆಯ ಸಲ, ಜಪಸರ ಬಿಡದೆ ಹೇಳಮ್ಮ ಎಂದೂ ಸೇರಿಸಿದೆ. ನಾಲ್ಕನೆಯ ಭಾನುವಾರ ಅವಳು ಆಸ್ಪತ್ರೆಯಲ್ಲಿದ್ದಳು. ಮಾವಿನ ತೋಪಿಗೆಂದು ತಂದಿಟ್ಟಿದ್ದ ಔಷಧಿ ಮನೆಯ ಮೂಲೆಯಲ್ಲೇ ಇತ್ತು. ದೇವರ ದಯೆಯಿಂದ ಪ್ರಾಣ ಉಳಿಯಿತು. ಶಾಲೆಯ ದಾರಿಯಲ್ಲಿ ಒಬ್ಬಾತ ಒಂದು ವರ್ಷದಿಂದ ಅವಳನ್ನು ಕಾಡುತ್ತಿದ್ದನೆಂಬುದು ಆಸ್ಪತ್ರೆಯ ದಾದಿಯೊಬ್ಬರು ಪಕ್ಕದಲ್ಲಿ ಕುಳಿತು ಕೇಳಿದಾಗ ಹೊರಬಂದಿತು. ನಾನು ಆಶೀರ್ವಾದ ಕೊಟ್ಟದ್ದು ತಪ್ಪಲ್ಲ. ಕೊಟ್ಟು, ಏನನ್ನೂ ಕೇಳದೆ ಬಂದದ್ದು ತಪ್ಪು.

ಮಕ್ಕಳ ದುಃಖ ಬಹುಮಟ್ಟಿಗೆ ದೇಹದ ಮೂಲಕವೇ ಮಾತನಾಡುತ್ತದೆ. ಪದೇ ಪದೇ ಬರುವ ಹೊಟ್ಟೆನೋವು, ತಲೆನೋವು, ನಿದ್ರೆ ಕೆಡುವುದು, ಊಟ ಬಿಡುವುದು, ಚೆನ್ನಾಗಿ ಓದುತ್ತಿದ್ದ ಮಗು ಇದ್ದಕ್ಕಿದ್ದಂತೆ ಹಿಂದೆ ಬೀಳುವುದು, ಗೆಳೆಯರಿಂದ ದೂರ ಸರಿಯುವುದು, ಸಣ್ಣ ಮಾತಿಗೆ ಸಿಡಿಯುವುದು ಇವು ಕೆಲವು ವಾರ ಮುಂದುವರಿದರೆ ಗಮನಿಸಬೇಕಾದ ಸೂಚನೆಗಳು. ಹುಡುಗರಲ್ಲಿ ಖಿನ್ನತೆ ಅನೇಕ ವೇಳೆ ಅಳುವಾಗಿ ಕಾಣದೆ ಸಿಟ್ಟಾಗಿ ಕಾಣುತ್ತದೆ. ನಾವು ಅದನ್ನು ಅಶಿಸ್ತು ಎಂದು ಕರೆದು ಶಿಕ್ಷಿಸುತ್ತೇವೆ.

ಯಾವ ತರಬೇತಿ?

ತರಬೇತಿ ಎಂಬ ಪದವನ್ನು ನಾವು ಸಡಿಲವಾಗಿ ಬಳಸುತ್ತೇವೆ. ಮನೋವೈದ್ಯರು ವೈದ್ಯಪದವಿಯ ಮೇಲೆ ಸ್ನಾತಕೋತ್ತರ ಅಧ್ಯಯನ ಮಾಡಿದವರು. ಔಷಧ ಬರೆಯುವ ಅಧಿಕಾರ ಅವರದು. ಚಿಕಿತ್ಸಕ ಮನಶ್ಶಾಸ್ತ್ರಜ್ಞರು ಎರಡು ವರ್ಷಗಳ ಎಂ.ಫಿಲ್. ಮುಗಿಸಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡು ಬಂದವರು. ಅವರ ಕೆಲಸವನ್ನು ವಾರಾಂತ್ಯದ ಶಿಬಿರದ ಪ್ರಮಾಣಪತ್ರ ಹಿಡಿದು ಮಾಡಲಾಗದು. ಕೌನ್ಸೆಲಿಂಗ್ ಶಿಬಿರದಿಂದ ಬಂದ ತಿಂಗಳೊಳಗೆ ಕೊಠಡಿಯ ಬಾಗಿಲಿಗೆ ಫಲಕ ತೂಗುಹಾಕುವ ಉತ್ಸಾಹ ನಮ್ಮಲ್ಲಿ ಕೆಲವರಿಗಿದೆ. ಏನೂ ತಿಳಿಯದ ಗುರುವಿಗಿಂತ ಅರ್ಧ ತಿಳಿದ ಗುರು ಇಲ್ಲಿ ಹೆಚ್ಚು ಅಪಾಯಕಾರಿ ಎಂದು ನನ್ನ ಅನಿಸಿಕೆ.

ಆದರೆ ಇನ್ನೊಂದು ಬಗೆಯ ತರಬೇತಿ ಇದೆ. ಅದು ಶಿಕ್ಷಕರಿಗೆ, ಅಂಗನವಾಡಿ ಕಾರ್ಯಕರ್ತೆಯರಿಗೆ, ಹಾಸ್ಟೆಲ್ ವಾರ್ಡನ್ನರಿಗೆ, ನಮಗೆ ಸಲ್ಲುವಂಥದು. ನಿಮ್ಹಾನ್ಸ್‌ನ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗವು ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ಬೆಂಬಲದಿಂದ ನಡೆಸುತ್ತಿರುವ 'ಸಂವಾದ್' ಎಂಬ ಉಪಕ್ರಮವು ಮಕ್ಕಳೊಡನೆ ದಿನನಿತ್ಯ ಒಡನಾಡುವವರನ್ನೇ ಗುರಿಯಾಗಿಟ್ಟು ತರಬೇತಿ ಕೊಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ಇತರ ಎರಡು ಸಂಸ್ಥೆಗಳೊಡನೆ (ಅವುಗಳಲ್ಲಿ ಒಂದು ಕ್ರೈಸ್ತ ಸೇವಾಸಂಸ್ಥೆಯಾದ ವರ್ಲ್ಡ್ ವಿಷನ್) ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಈ ಕೆಲಸವನ್ನು ಮೂರು ಕ್ರಿಯೆಗಳಲ್ಲಿ ಇಡುತ್ತದೆ: ನೋಡುವುದು, ಆಲಿಸುವುದು, ಜೋಡಿಸುವುದು. ರೋಗನಿರ್ಣಯ ಅದರಲ್ಲಿಲ್ಲ, ಚಿಕಿತ್ಸೆಯೂ ಇಲ್ಲ.

ಇದು ಹೊರಗಿನಿಂದ ತಂದು ಹೇರಿದ ಬೇಡಿಕೆಯೂ ಅಲ್ಲ. ಪಾಲನಾಸೇವೆಯಲ್ಲಿ ದೈವಶಾಸ್ತ್ರದ ತತ್ವಗಳ ಜೊತೆಗೆ ಮನಶ್ಶಾಸ್ತ್ರ, ಸಮಾಜಶಾಸ್ತ್ರಗಳ ಫಲಿತಗಳನ್ನೂ ಬಳಸಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 'ಗೌದಿಯುಂ ಎತ್ ಸ್ಪೆಸ್' 62ರಲ್ಲಿ ಹೇಳಿತು; ಗುರುಅಭ್ಯರ್ಥಿಗಳ ಶಿಕ್ಷಣದ ಬಗ್ಗೆ 'ಒಪ್ತಾತಾಂ ತೋತಿಯುಸ್' 20 ಅದನ್ನೇ ಹೇಳುತ್ತದೆ. ಎರಡೂ 1965ರ ದಾಖಲೆಗಳು.

ಎಲೀಯನ ಪ್ರಸಂಗ

ಈ ಮೂರು ಕ್ರಿಯೆಗಳನ್ನು ಕಲಿಸುವಾಗ ನಾನು 1 ಅರಸುಗಳು 19ನೆಯ ಅಧ್ಯಾಯವನ್ನು ಓದಿಸುತ್ತೇನೆ. ಎಲೀಯನು ಮರುಭೂಮಿಯಲ್ಲಿ ಒಂದು ಗಿಡದಡಿ ಕುಳಿತು ಸಾವನ್ನು ಬೇಡುತ್ತಾನೆ. ನಾವು ಅಲ್ಲಿದ್ದಿದ್ದರೆ ಕಾರ್ಮೆಲ್ ಬೆಟ್ಟದ ಗೆಲುವನ್ನು ನೆನಪಿಸಿ, ಇಷ್ಟು ದೊಡ್ಡ ಪ್ರವಾದಿಗೆ ಇದೇನು ಅಧೈರ್ಯ ಎಂದು ಕೇಳುತ್ತಿದ್ದೆವು. ದೂತನು ಹಾಗೆ ಕೇಳುವುದಿಲ್ಲ. ಮುಟ್ಟಿ ಎಬ್ಬಿಸುತ್ತಾನೆ, ರೊಟ್ಟಿ ಮತ್ತು ನೀರು ಕೊಡುತ್ತಾನೆ, ಮತ್ತೆ ಮಲಗಲು ಬಿಡುತ್ತಾನೆ, ಎರಡನೆಯ ಸಲ ಬಂದು ಪ್ರಯಾಣ ಇವನ ಶಕ್ತಿಗೆ ಮೀರಿದ್ದೆಂದು ಒಪ್ಪಿಕೊಳ್ಳುತ್ತಾನೆ. ಇದು ನೋಡುವುದು.

ಹೋರೇಬಿನಲ್ಲಿ ದೇವರು ಕೇಳುವ ಪ್ರಶ್ನೆ ಒಂದೇ, ಕೇಳುವುದು ಎರಡು ಸಲ (9 ಮತ್ತು 13ನೆಯ ವಚನ). ಎಲೀಯನ ಉತ್ತರವೂ ಎರಡು ಸಲ ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ ಬರುತ್ತದೆ: ನಾನೊಬ್ಬನೇ ಉಳಿದಿದ್ದೇನೆ ಎಂಬ ದೂರು. ಆ ದೂರು ನಿಜವಲ್ಲ. ಬಾಳನಿಗೆ ಮಣಿಯದ 7,000 ಮಂದಿ ಇಸ್ರಯೇಲಿನಲ್ಲಿದ್ದಾರೆ. ಆದರೆ ಮೊದಲ ಸಲ ದೇವರು ಅದನ್ನು ತಿದ್ದುವುದಿಲ್ಲ. ಪೂರ್ತಿ ಎರಡು ಸಲ ಹೇಳಲು ಬಿಟ್ಟು, ಕೊನೆಗಷ್ಟೇ ಆ ಸಂಖ್ಯೆಯನ್ನು ತಿಳಿಸುತ್ತಾರೆ. "ನನ್ನನ್ನು ಯಾರೂ ಇಷ್ಟಪಡುವುದಿಲ್ಲ" ಎನ್ನುವ ಹುಡುಗಿಗೆ ಮೊದಲ ನಿಮಿಷದಲ್ಲೇ "ಹಾಗೆಲ್ಲ ಹೇಳಬಾರದು, ಅಪ್ಪ ಅಮ್ಮ ಎಷ್ಟು ಪ್ರೀತಿಸುತ್ತಾರೆ" ಎನ್ನುವ ನಮಗೆ ಇಲ್ಲಿ ಕಲಿಯುವುದಿದೆ. ನಮ್ಮ ಮಾತು ಸುಳ್ಳೆಂದಲ್ಲ, ಅದರ ಸಮಯ ಇನ್ನೂ ಬಂದಿರುವುದಿಲ್ಲ. ಕೊನೆಯಲ್ಲಿ ದೇವರು ಎಲೀಯನಿಗೆ ಎಲೀಷನೆಂಬ ಒಡನಾಡಿಯನ್ನು ಕೊಡುತ್ತಾರೆ. ಅದು ಜೋಡಿಸುವುದು. ಹೋಲಿಕೆಯನ್ನು ಇದಕ್ಕಿಂತ ಎಳೆಯಬಾರದು; ಪವಿತ್ರ ಗ್ರಂಥವು ಚಿಕಿತ್ಸೆಯ ಕೈಪಿಡಿಯಲ್ಲ.

ಮಾರ್ಕ 9ರಲ್ಲಿ ಬರುವ ಬಾಲಕನ ಪ್ರಸಂಗವನ್ನು ನಮ್ಮ ಹಳ್ಳಿಗಳಲ್ಲಿ ಮೂರ್ಛೆರೋಗದ ಮಕ್ಕಳನ್ನು ಔಷಧಿಯಿಂದ ಬಿಡಿಸಿ ಪ್ರಾರ್ಥನಾಕೂಟಗಳಿಗೆ ಕರೆದೊಯ್ಯಲು ಬಳಸುವವರಿದ್ದಾರೆ. ಅವರು ಬಿಟ್ಟುಬಿಡುವ ವಚನ 21ನೆಯದು. ಇದು ಎಷ್ಟು ಕಾಲದಿಂದ ಹೀಗಾಗುತ್ತಿದೆ ಎಂದು ಯೇಸುಸ್ವಾಮಿ ತಂದೆಯನ್ನು ಕೇಳುತ್ತಾರೆ. ಭೂತೋಚ್ಚಾಟನೆಗೆ ಧರ್ಮಾಧ್ಯಕ್ಷರ ವಿಶೇಷ ಅನುಮತಿ ಬೇಕೆಂದು ಧರ್ಮಸಭೆಯ ಕಾನೂನಿನ 1172ನೆಯ ವಿಧಿ ಹೇಳುತ್ತದೆ. ರೋಗವನ್ನು ದೆವ್ವದ ಬಾಧೆಯೆಂದು ಭಾವಿಸದಂತೆ ವಿಧಿಗ್ರಂಥವೇ ಎಚ್ಚರಿಸುತ್ತದೆ. ತಾನೇ ತಾನಾಗಿ ಮುಂದಾಗುವ ಗುರುವಿಗೆ ಇಲ್ಲಿ ಯಾವ ಅಧಿಕಾರವೂ ಇಲ್ಲ.

ಯಾವ ಭಾಷೆಯಲ್ಲಿ ಕೇಳಬೇಕು?

ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ಆಡುವ ಮಾತು ತೆಲುಗು, ಶಾಲೆಯದು ಕನ್ನಡ, ಕೆಲವರಿಗೆ ಇಂಗ್ಲಿಷ್, ಬಲಿಪೂಜೆ ಕನ್ನಡದಲ್ಲಿ. ನಾನು ಕೇಳುವ ಕನ್ನಡದ ಪ್ರಶ್ನೆಗೆ ಮಗು ಶಾಲೆಯಲ್ಲಿ ಉತ್ತರಿಸಿದಂತೆ ಉತ್ತರಿಸುತ್ತದೆ: "ಚೆನ್ನಾಗಿದ್ದೇನೆ ಫಾದರ್." ಅದೇ ಮಗು ಅಜ್ಜಿಯ ಬಳಿ "ಮನಸು ಬಾಗಲೇದು" ಎಂದಿರುತ್ತದೆ. ಖಿನ್ನತೆ, ಆತಂಕ ಎಂಬ ನಮ್ಮ ಗ್ರಾಂಥಿಕ ಪದಗಳಂತೂ ಯಾರ ಮನೆಯವೂ ಅಲ್ಲ. ಆದ್ದರಿಂದ ಈ ತಾಲ್ಲೂಕುಗಳಿಗೆ ಹೋಗುವ ಗುರುಅಭ್ಯರ್ಥಿಗೆ ಹತ್ತು ಸರಳ ಪ್ರಶ್ನೆಗಳನ್ನಾದರೂ ತೆಲುಗಿನಲ್ಲಿ ಕೇಳಲು ಬರಬೇಕು: ರಾತ್ರಿ ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಶಾಲೆಯ ದಾರಿಯಲ್ಲಿ ಭಯವೇ, ಯಾರಾದರೂ ನೋಯಿಸುತ್ತಿದ್ದಾರೆಯೇ, ಬದುಕಿರುವುದೇ ಬೇಡ ಎನಿಸಿದ್ದುಂಟೇ. ಕೊನೆಯ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆಯನ್ನು ಮಗುವಿನ ತಲೆಯಲ್ಲಿ ಬಿತ್ತಿದಂತಾಗುತ್ತದೆ ಎಂಬ ಭಯ ವ್ಯಾಪಕವಾಗಿದೆ. ಅದು ಹಾಗಲ್ಲವೆಂದು ತಜ್ಞರು ಒಪ್ಪುತ್ತಾರೆ. ಶಾಂತವಾಗಿ, ನೇರವಾಗಿ ಕೇಳಿದರೆ ಮಗುವಿಗೆ ಸಾಮಾನ್ಯವಾಗಿ ಹಗುರವೇ ಆಗುತ್ತದೆ.

ಗುಟ್ಟು ಮತ್ತು ಮುದ್ರೆ

ಈಗ ನಮಗೆ ಅತ್ಯಂತ ಕಠಿಣವಾದ ವಿಷಯ. ಮಗು ಬಂದು "ಯಾರಿಗೂ ಹೇಳಲ್ಲ ಅಂದರೆ ಒಂದು ಮಾತು ಹೇಳುತ್ತೇನೆ" ಎಂದಾಗ ಗುರುವು ಮಾತು ಕೊಡಬಹುದೇ?

ಪಾಪನಿವೇದನೆಯ ಹೊರಗೆ, ಕೊಡಬಾರದು. ಪೋಕ್ಸೊ ಕಾಯಿದೆ 2012ರ 19ನೆಯ ಕಲಮಿನ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದ ಅಥವಾ ನಡೆಯಬಹುದೆಂಬ ಆತಂಕವಿರುವ ಯಾವ ವ್ಯಕ್ತಿಯೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದವರಿಗೆ 21ನೆಯ ಕಲಮು ಆರು ತಿಂಗಳವರೆಗೆ ಸೆರೆವಾಸ ವಿಧಿಸುತ್ತದೆ, ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ. ಶಾಲೆ, ಹಾಸ್ಟೆಲುಗಳ ಹೊಣೆ ಹೊತ್ತ ಗುರುಗಳು ಇದನ್ನು ಗಮನಿಸಬೇಕು. ಆರೋಪಿಯು ಯಾಜಕನಾಗಿದ್ದರೆ ಧರ್ಮಾಧ್ಯಕ್ಷರಿಗೆ ವರದಿ ಮಾಡುವ ಕರ್ತವ್ಯವನ್ನು 2019ರ 'ವೋಸ್ ಎಸ್ತಿಸ್ ಲುಕ್ಸ್ ಮುಂದಿ' ಪ್ರತ್ಯೇಕವಾಗಿ ಹೊರಿಸಿದೆ. ಅದು ಪೊಲೀಸರಿಗೆ ತಿಳಿಸುವುದಕ್ಕೆ ಬದಲಿಯಲ್ಲ. ಆದ್ದರಿಂದ ಮಗುವಿಗೆ ಮೊದಲೇ ಹೇಳಬೇಕಾದ ಮಾತು ಇಂಥದು: "ನೀನು ಹೇಳುವುದನ್ನು ಎಲ್ಲರ ಮುಂದೆ ಆಡುವುದಿಲ್ಲ. ಆದರೆ ನಿನಗೆ ಅಪಾಯವಿದ್ದರೆ ಸಹಾಯ ಮಾಡಬಲ್ಲ ಒಬ್ಬಿಬ್ಬರಿಗೆ ಹೇಳಬೇಕಾಗುತ್ತದೆ, ನಿನಗೆ ತಿಳಿಸಿಯೇ ಹೇಳುತ್ತೇನೆ."

ಪಾಪನಿವೇದನೆಯೊಳಗೆ ಸ್ಥಿತಿ ಬೇರೆ. 983ನೆಯ ವಿಧಿಯ ಮುದ್ರೆ ಮುರಿಯಲಾಗದ್ದು. ಆದರೆ ಮುದ್ರೆಯೆಂದರೆ ಮೌನವಷ್ಟೇ ಎಂದು ತಿಳಿಯುವುದು ತಪ್ಪು. ರೋಮಿನ ಅಪೊಸ್ತಲಿಕ ಪೆನಿಟೆನ್ಷಿಯರಿಯು 2019ರಲ್ಲಿ ಪ್ರಕಟಿಸಿದ ಟಿಪ್ಪಣಿಯು, ಬೇರೆಯವರ ಕೇಡಿಗೆ ಬಲಿಯಾದವನು ನಿವೇದನೆಗೆ ಬಂದರೆ ಅವನ ಹಕ್ಕುಗಳನ್ನೂ ದೂರು ಕೊಡುವ ಕಾನೂನು ಮಾರ್ಗಗಳನ್ನೂ ಗುರುವು ತಿಳಿಸಿಕೊಡಬೇಕೆನ್ನುತ್ತದೆ. ಮೊದಲಿಗೆ, ತನ್ನ ಮೇಲೆ ನಡೆದದ್ದು ತನ್ನ ಪಾಪವಲ್ಲವೆಂದು ಮಗುವಿಗೆ ಸ್ಪಷ್ಟವಾಗಿ ಹೇಳಬೇಕು. ಅನೇಕ ಮಕ್ಕಳು ಅದನ್ನು ಪಾಪವೆಂದೇ ಎಣಿಸಿ ನಿವೇದಿಸುತ್ತಾರೆ. ಆಮೇಲೆ, ಇದೇ ಮಾತನ್ನು ಹೊರಗೆ ನನಗೋ, ನೀನು ನಂಬುವ ಧರ್ಮಭಗಿನಿಗೋ, ತಾಯಿಗೋ ಹೇಳುವೆಯಾ ಎಂದು ಆಹ್ವಾನಿಸಬಹುದು. ಒತ್ತಾಯಿಸುವಂತಿಲ್ಲ. ಅವಳು ಹೊರಗೆ ಬಂದು ಏನೂ ಹೇಳದಿದ್ದರೆ ಗುರುವು ಏನನ್ನೂ ತಿಳಿಯದವನಂತೆಯೇ ಇರಬೇಕು. ಈ ಭಾರವನ್ನು ಹೊರುವುದು ಹೇಗೆಂದು ನಾವು ಗುರುಮಠದಲ್ಲಿ ಕಲಿಸುವುದಿಲ್ಲ. ವಿಧಿಯ ಸಂಖ್ಯೆಯನ್ನು ಮಾತ್ರ ಬಾಯಿಪಾಠ ಮಾಡಿಸುತ್ತೇವೆ.

ಆತ್ಮಹತ್ಯೆಯ ಬಗ್ಗೆ ಬೋಧಿಸುವಾಗಲೂ ನಮ್ಮ ನಾಲಿಗೆ ಹಳೆಯ ಕಾಲದಲ್ಲೇ ನಿಂತಿದೆ. 1917ರ ಧರ್ಮಸಭೆಯ ಕಾನೂನು ಬುದ್ಧಿಪೂರ್ವಕವಾಗಿ ಆತ್ಮಹತ್ಯೆ ಮಾಡಿಕೊಂಡವರಿಗೆ ಧರ್ಮಸಭೆಯ ಶವಸಂಸ್ಕಾರ ನಿರಾಕರಿಸಿತ್ತು. 1983ರ ಕಾನೂನಿನಲ್ಲಿ ಆ ನಿಷೇಧವಿಲ್ಲ. ತೀವ್ರ ಮಾನಸಿಕ ತೊಂದರೆಯು ಹೊಣೆಗಾರಿಕೆಯನ್ನು ಕಡಿಮೆ ಮಾಡಬಹುದೆಂದು ಕಥೋಲಿಕ ಧರ್ಮೋಪದೇಶ ಗ್ರಂಥದ 2282ನೆಯ ಪರಿಚ್ಛೇದ ಹೇಳುತ್ತದೆ. ನಾಡಿನ ಕಾನೂನೂ ಬದಲಾಗಿದೆ: ಪ್ರಯತ್ನಿಸಿದ ವ್ಯಕ್ತಿಯು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 115ನೆಯ ಕಲಮು ಹೇಳುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ವಾರದ ಪ್ರಬೋಧನೆಯಲ್ಲಿ ನರಕದ ಮಾತಿಗಿಂತ ಎರಡು ಸಂಗತಿ ಹೆಚ್ಚು ಉಪಯುಕ್ತ. ಒಂದು, ಈಗ ಅದೇ ವರ್ಷ ಮತ್ತೆ ಪರೀಕ್ಷೆ ಬರೆಯಬಹುದು, ಮೊದಲನೆಯದರಲ್ಲಿ ಫೇಲಾದರೂ ಅವಕಾಶ ಮುಗಿದಿಲ್ಲ. ಇನ್ನೊಂದು, ಬೆಳೆಯ ಔಷಧಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಕೀಲಿ ದೊಡ್ಡವರ ಬಳಿ ಇರಲಿ. ಆವೇಗದ ಗಳಿಗೆ ಸಾಮಾನ್ಯವಾಗಿ ಚಿಕ್ಕದು. ಬೀಗ ಆ ಗಳಿಗೆಯನ್ನು ದಾಟಿಸುತ್ತದೆ.

ಎಲ್ಲಿಗೆ ಜೋಡಿಸಬೇಕು?

ಮಾಲೂರಿನವರಿಗೆ ಬೆಂಗಳೂರು ಒಂದು ರೈಲಿನ ದಾರಿ. ಮುಳಬಾಗಿಲಿಗೆ ರೈಲೇ ಇಲ್ಲ. ಕೂಲಿ ಬಿಟ್ಟು ನಿಮ್ಹಾನ್ಸ್‌ಗೆ ಹೋಗಿ ಎಂದು ಸುಲಭವಾಗಿ ಹೇಳಿದರೆ ಆ ಕುಟುಂಬ ಎಲ್ಲಿಗೂ ಹೋಗುವುದಿಲ್ಲ. ಹತ್ತಿರದಿಂದ ಆರಂಭಿಸಬೇಕು. ರಾಜ್ಯದ 'ಮನೋಚೈತನ್ಯ' ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯದ ತಪಾಸಣೆ ನಡೆಯುತ್ತದೆ. ಹೋಗುವ ಮುನ್ನ ಅಂದು ವೈದ್ಯರು ಬರುತ್ತಾರೆಯೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು. ಕೋಲಾರದ ಟಮಕದಲ್ಲಿ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮನಸ್ ಸಹಾಯವಾಣಿ 14416 ಹಗಲಿರುಳೂ ಉಚಿತ, ಕನ್ನಡದಲ್ಲೂ ಲಭ್ಯ. ಮಗುವಿಗೆ ಹಿಂಸೆಯ ಅಪಾಯವಿದ್ದರೆ 1098. ಹದಿನೆಂಟು ತುಂಬದವರ ಚಿಕಿತ್ಸೆಗೆ ತಂದೆತಾಯಿಯರ ಅಥವಾ ಪೋಷಕರ ಒಪ್ಪಿಗೆ ಬೇಕಾದ್ದರಿಂದ ಅವರ ಮನವೊಲಿಸುವುದೇ ಗುರುವಿನ ದೊಡ್ಡ ಕೆಲಸ. "ಹುಚ್ಚರ ಆಸ್ಪತ್ರೆಗಾ ಫಾದರ್?" ಎಂದು ಕೇಳುವ ತಂದೆಯ ಮನೆಗೆ ಎರಡು ಮೂರು ಸಲ ಹೋಗಬೇಕಾಗುತ್ತದೆ. ಅವರು ನಮ್ಮ ಮಾತನ್ನು ಕೇಳುವಷ್ಟು ಬೇರೆಯವರದನ್ನು ಕೇಳದಿರಬಹುದು. ನಮ್ಮಿಂದಾಗುವ ನಿಜವಾದ ಸಹಾಯ ಬಹುಶಃ ಇದೇ.

ಗುರುಮಠದ ಪಾಠಕ್ರಮದಲ್ಲಿ ಇದಕ್ಕೆ ಹೊಸ ವಿಷಯವೊಂದನ್ನು ಸೇರಿಸಬೇಕೆಂದು ನಾನು ಕೇಳುತ್ತಿಲ್ಲ. ವಿಷಯಗಳು ಈಗಾಗಲೇ ಹೆಚ್ಚಾಗಿವೆ. ಪಾಲನಾಸೇವೆಯ ವರ್ಷದಲ್ಲಿ ಪ್ರತಿ ಸೇವಾರ್ಥಿಯೂ ತಾನಿರುವ ತಾಲ್ಲೂಕಿನ ಆಸ್ಪತ್ರೆಗೆ ಕೆಲವು ಮಂಗಳವಾರ ಹೋಗಿ, ವೈದ್ಯರ ಅನುಮತಿಯಿದ್ದರೆ ಹೊರಗಿನ ಬೆಂಚಿನ ಮೇಲೆ ಕಾಯುವ ಕುಟುಂಬಗಳೊಡನೆ ಕುಳಿತುಕೊಳ್ಳಲಿ. ಪಾಪನಿವೇದನೆಯ ಅಭ್ಯಾಸ ಪಾಠಗಳಲ್ಲಿ ನಾವು ಕೊಡುವ ಕಲ್ಪಿತ ಪ್ರಕರಣಗಳಲ್ಲಿ ಹೊಟ್ಟೆನೋವಿನ ಹುಡುಗಿಯೂ ಒಬ್ಬಳಿರಲಿ, ಅವಳು ತೆಲುಗಿನಲ್ಲಿ ಮಾತನಾಡಲಿ. ಕಳೆದ ವರ್ಷ ನನ್ನ ತರಗತಿಯಲ್ಲಿ ಇದನ್ನು ಮಾಡಿ ನೋಡಿದೆ. ಮೊದಲ ಅಭ್ಯರ್ಥಿ ನಾಲ್ಕು ನಿಮಿಷದಲ್ಲಿ ಪ್ರಾಯಶ್ಚಿತ್ತ ವಿಧಿಸಿ ಕಳುಹಿಸಿದ. ಎರಡನೆಯವನು, ಮುಳಬಾಗಿಲು ಕಡೆಯವನು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಎನ್ನಿ ದಿನಾಲ ನುಂಚಿ?" ಎಂದು ಕೇಳಿದ. ಎಷ್ಟು ದಿನದಿಂದ?