ಇಲ್ಲದ ಊರಿನ ಚಿತ್ರಕಾರರು

೨೦೨೫ರ ಫೆಬ್ರವರಿಯಲ್ಲಿ ವಿಕ್ಟರ್ ಆಂಟೊನೊವ್ ಎಂಬ ಚಿತ್ರಕಾರರು ತಮ್ಮ ಐವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರನ್ನು ಕೇಳಿದವರು ನಮ್ಮಲ್ಲಿ ವಿರಳ. ಆದರೆ ಅವರು ಕಲ್ಪಿಸಿದ ಊರಿನ ಬೀದಿಗಳಲ್ಲಿ ಲಕ್ಷಾಂತರ ಜನ ನಡೆದಾಡಿದ್ದಾರೆ. ಅದರ ರೈಲು ನಿಲ್ದಾಣದಲ್ಲಿ ಇಳಿದಿದ್ದಾರೆ. ಗಾರೆ ಉದುರಿದ ಅದರ ಮನೆಗಳ ಮೆಟ್ಟಿಲುಗಳನ್ನು ಉಸಿರು ಬಿಗಿಹಿಡಿದು ಹತ್ತಿದ್ದಾರೆ. ಆ ಊರು ಯಾವ ಭೂಪಟದಲ್ಲಿಯೂ ಇಲ್ಲ. ‘ಸಿಟಿ ೧೭’ ಎಂದು ಅದರ ಹೆಸರು. ಅಮೆರಿಕದ ವಾಲ್ವ್ ಸಂಸ್ಥೆ ೨೦೦೪ರ ನವೆಂಬರಿನಲ್ಲಿ ಹೊರತಂದ ‘ಹಾಫ್ ಲೈಫ್ ೨’ ಎಂಬ ವಿಡಿಯೊ ಆಟದೊಳಗಿನ ಊರು ಅದು.

ವಿಡಿಯೊ ಆಟವೆಂದೊಡನೆ ಹುಡುಗರ ಕಾಲಹರಣವೆಂದು ಮೂಗು ಮುರಿಯುವ ಹಿರಿಯರುಂಟು. ಆ ವಾದ ಇಲ್ಲಿ ಬೇಡ. ಈ ಆಟಗಳ ಬೆನ್ನಿಗೆ ಚಿತ್ರಕಲೆಯ ಒಂದು ಹೊಸ ವೃತ್ತಿಯೇ ಬೆಳೆದು ನಿಂತಿದೆಯೆಂಬುದು ಕಲೆಯಲ್ಲಿ ಆಸ್ಥೆಯುಳ್ಳ ಯಾರೂ ಗಮನಿಸಬೇಕಾದ ಸಂಗತಿ. ಅದನ್ನು ‘ಕಾನ್ಸೆಪ್ಟ್ ಆರ್ಟ್’ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಪರಿಕಲ್ಪನಾ ಚಿತ್ರ ಎನ್ನಬಹುದು. ಮಾತು ತುಸು ಭಾರವಾಯಿತು, ಆದರೂ ಅರ್ಥ ಕೆಡಲಿಲ್ಲ. ಇನ್ನೂ ಕಟ್ಟದ ಮನೆಯನ್ನು, ಇನ್ನೂ ಹುಟ್ಟದ ಪಾತ್ರವನ್ನು ಎಲ್ಲರಿಗಿಂತ ಮೊದಲು ತಾನು ಕಂಡು, ಅದನ್ನು ಮುಂದೆ ಕಟ್ಟಬೇಕಾದ ನೂರಾರು ಜನರಿಗೆ ಕಾಣಿಸಿಕೊಡುವುದೇ ಈ ಚಿತ್ರಕಾರನ ಕೆಲಸ.

ಈ ವೃತ್ತಿಯ ತವರು ಸಿನಿಮಾ. ೧೯೭೫ರಲ್ಲಿ ರಾಲ್ಫ್ ಮೆಕ್ವಾರಿ ಎಂಬವರು ‘ಸ್ಟಾರ್ ವಾರ್ಸ್’ ಚಿತ್ರಕ್ಕಾಗಿ ಬರೆದ ವರ್ಣಚಿತ್ರಗಳು, ಆ ವಿಚಿತ್ರ ಕಥೆಗೆ ಹಣ ಹೂಡಲು ಹಿಂದೆಮುಂದೆ ನೋಡುತ್ತಿದ್ದವರ ಮನಸ್ಸನ್ನು ಒಲಿಸುವುದಕ್ಕೆ ನೆರವಾದವು. ಆಟಗಳ ಲೋಕದಲ್ಲಾದರೋ ಮೊದಮೊದಲು ಇಂಥ ಚಿತ್ರಕಾರನಿಗೆ ಎಡೆಯೇ ಇರಲಿಲ್ಲ. ಜಪಾನಿನ ಶಿಗೆರು ಮಿಯಾಮೊಟೊ ಅವರು ೧೯೮೧ರ ‘ಡಾಂಕಿ ಕಾಂಗ್’ ಆಟಕ್ಕೆ ಒಬ್ಬ ಬಡಗಿಯನ್ನು ಸೃಷ್ಟಿಸಿದಾಗ ಅವರಿಗೆ ದೊರೆತದ್ದು ಕೆಲವೇ ಚುಕ್ಕೆಗಳು. ಅಷ್ಟರಲ್ಲಿ ಬಾಯಿ ಬರೆಯುವುದು ಕಷ್ಟ, ಮೀಸೆ ಸುಲಭ. ಕೂದಲು ಕಷ್ಟ, ಟೋಪಿ ಸುಲಭ. ಮೈಯಿಂದ ತೋಳು ಬೇರೆಯಾಗಿ ಕಾಣಬೇಕಾಗಿದ್ದರಿಂದ ಅಂಗಿಯ ಮೇಲೊಂದು ಕೆಲಸಗಾರನ ನಿಲುವಂಗಿ ಬಂತು. ಇಂದು ಜಗತ್ತಿನ ಮಕ್ಕಳೆಲ್ಲ ಬಲ್ಲ ಮಾರಿಯೊ ಹುಟ್ಟಿದ್ದು ಹೀಗೆ, ಬಡತನದಿಂದ.

೧೯೮೭ರಲ್ಲಿ ‘ಫೈನಲ್ ಫ್ಯಾಂಟಸಿ’ ಆಟಕ್ಕೆ ಯೊಶಿಟಾಕ ಅಮಾನೊ ಚಿತ್ರ ಬರೆದಾಗ ಪರಿಸ್ಥಿತಿ ಇನ್ನೂ ವಿಲಕ್ಷಣವಾಯಿತು. ಅಮಾನೊ ಅವರ ರೇಖೆ ಹೊಗೆಯಂತೆ ಸುಳಿಯುವಂಥದು. ಜಲವರ್ಣದಲ್ಲಿ ತೇಲುವ ಉಡುಪು, ಗಾಳಿಗೆ ಕರಗುವ ಕೇಶರಾಶಿ. ಪರದೆಯ ಮೇಲಾದರೋ ಹೆಬ್ಬೆರಳಿನಷ್ಟು ಗಿಡ್ಡ ಗೊಂಬೆ! ಆ ಗೊಂಬೆಯನ್ನು ನೋಡುತ್ತ ಆಟಗಾರ ಮನಸ್ಸಿನಲ್ಲಿ ಅಮಾನೊ ಅವರ ವೀರನನ್ನು ಕಾಣಬೇಕಾಗಿತ್ತು. ಕಂಡನೂ ಹೌದು. ಯಂತ್ರಕ್ಕೆ ಶಕ್ತಿ ಬರುತ್ತ ಹೋದಂತೆ ಚಿತ್ರಕ್ಕೂ ಪರದೆಗೂ ಇದ್ದ ಈ ದೂರ ಕಡಿಮೆಯಾಯಿತು. ಕಡಿಮೆಯಾದಷ್ಟೂ ಚಿತ್ರಕಾರನ ಹೊಣೆ ಹೆಚ್ಚಿತು. ಗೋಡೆಯ ಬಿರುಕೊಂದನ್ನೂ ಯಾರಾದರೂ ಮೊದಲು ನಿರ್ಧರಿಸಲೇಬೇಕು.

ಕೆಲಸ ನಡೆಯುವ ಬಗೆಯನ್ನು ನೋಡೋಣ. ಮುಳುಗಿದ ಪಟ್ಟಣವೊಂದರ ಕಾವಲುಗಾರ ಬೇಕು, ಅವನನ್ನು ಕಂಡರೆ ಭಯವೂ ಆಗಬೇಕು, ಮರುಕವೂ ಹುಟ್ಟಬೇಕು ಎಂದು ನಿರ್ದೇಶಕರು ಹೇಳಿದರೆನ್ನೋಣ. ಚಿತ್ರಕಾರ ಒಡನೆಯೇ ಬಣ್ಣಕ್ಕೆ ಕೈಹಾಕುವುದಿಲ್ಲ. ಉಗುರಿನಷ್ಟು ಚಿಕ್ಕ ಕಪ್ಪು ಆಕೃತಿಗಳನ್ನು ಇಪ್ಪತ್ತೋ ಮೂವತ್ತೋ ಗೀಚುತ್ತಾನೆ. ಕಣ್ಣು, ಮೂಗು ಏನೂ ಇರುವುದಿಲ್ಲ, ಹೊರಗೆರೆ ಮಾತ್ರ. ಬಯಲಿನ ಕೊನೆಯಲ್ಲಿ ಕುಳಿತ ಪ್ರೇಕ್ಷಕ ಯಕ್ಷಗಾನದ ಬಣ್ಣದ ವೇಷವನ್ನು ಕಿರೀಟದ ಆಕಾರದಿಂದಲೇ ಗುರುತಿಸುವುದಿಲ್ಲವೆ? ಇಲ್ಲಿಯೂ ಅದೇ ನ್ಯಾಯ. ಓಡುತ್ತಿರುವ ಆಟಗಾರನಿಗೆ ಎದುರು ಬಂದವನು ಹಗೆಯೋ ಗೆಳೆಯನೋ ಎಂದು ತಿಳಿಯಲು ಸಿಗುವುದು ಒಂದು ಕ್ಷಣ. ಆ ಮೂವತ್ತರಲ್ಲಿ ಮೂರು ಉಳಿಯುತ್ತವೆ, ಮೂರರಲ್ಲಿ ಒಂದು. ಆಮೇಲೆ ಅದೇ ಆಕೃತಿಯನ್ನು ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಒಂದೇ ಅಳತೆಯಲ್ಲಿ ಬರೆದುಕೊಡಬೇಕು. ಸೊಂಟಪಟ್ಟಿಯ ಕೊಂಡಿ ಹೇಗೆ ಬಿಚ್ಚುತ್ತದೆ, ಚರ್ಮ ಹಳೆಯದೋ ಹೊಸದೋ, ಲೋಹಕ್ಕೆ ತುಕ್ಕು ಎಲ್ಲಿ ಹಿಡಿದಿದೆ ಎಂಬುದನ್ನೆಲ್ಲ ಅಂಚಿನಲ್ಲಿ ಟಿಪ್ಪಣಿ ಮಾಡಬೇಕು. ಅದನ್ನು ಎದುರಿಗಿಟ್ಟುಕೊಂಡು ಗಣಕದಲ್ಲಿ ಘನಾಕೃತಿಯನ್ನು ಕಡೆಯುವವರು ಬೇರೆ ಜನ. ಅವರ ಪಾಲಿಗೆ ಇದು ಚಿತ್ರಕ್ಕಿಂತ ಹೆಚ್ಚಾಗಿ ಶಿಲ್ಪಿಗೆ ಕೊಟ್ಟ ನಕ್ಷೆ.

ಕಾಗದ ಪೆನ್ಸಿಲು ಇಂದಿಗೂ ಉಳಿದಿವೆಯಾದರೂ, ೧೯೯೦ರಲ್ಲಿ ಬಂದ ಫೋಟೊಶಾಪ್ ಈ ಕ್ಷೇತ್ರದ ದುಡಿಮೆಯನ್ನೇ ಬದಲಿಸಿತು. ಛಾಯಾಚಿತ್ರಗಳ ತುಣುಕುಗಳನ್ನು ಜೋಡಿಸಿ ಮೇಲೆ ಬಣ್ಣ ಹಚ್ಚುವುದು, ಬ್ಲೆಂಡರಿನಂಥ ತಂತ್ರಾಂಶದಲ್ಲಿ ಒರಟಾದ ಮನೆಯೊಂದನ್ನು ನಿಲ್ಲಿಸಿ ಅದರ ಮೇಲೆಯೇ ಬರೆಯುವುದು, ಇವೆಲ್ಲ ಈಗ ನಿತ್ಯದ ಉಪಾಯಗಳು. ಇದೇನು ಕಲೆಯೇ ಎಂದು ಗೊಣಗುವವರಿದ್ದಾರೆ. ಗಡುವು ಎಂಬುದೊಂದಿದೆ ಎಂದು ಅವರಿಗೆ ಹೇಳಬೇಕಷ್ಟೆ.

ಆಂಟೊನೊವ್ ಅವರ ಹಿರಿಮೆ ಇರುವುದು ಈ ಉಪಾಯಗಳಾಚೆಗೆ. ೧೯೭೨ರಲ್ಲಿ ಬಲ್ಗೇರಿಯದ ಸೋಫಿಯ ನಗರದಲ್ಲಿ ಹುಟ್ಟಿದ ಅವರು ತಾರುಣ್ಯದಲ್ಲಿಯೇ ಪ್ಯಾರಿಸಿಗೆ ಹೋದರು. ವಿನ್ಯಾಸ ಕಲೆಯಲ್ಲಿ ಶಿಕ್ಷಣ ಪಡೆದು ತೊಂಬತ್ತರ ದಶಕದಲ್ಲಿ ಅಮೆರಿಕದಲ್ಲಿ ಆಟಗಳ ಉದ್ಯಮವನ್ನು ಸೇರಿದರು. ಭೂಮಿಯನ್ನು ಅನ್ಯಲೋಕದವರು ಆಳುವ ಕಥೆಗೆ ಊರು ಬೇಕೆಂದಾಗ, ಬೇರೊಬ್ಬರಾಗಿದ್ದರೆ ಹೊಳೆಯುವ ಗಾಜಿನ ಗೋಪುರಗಳನ್ನು ಬರೆಯುತ್ತಿದ್ದರೋ ಏನೊ. ಆಂಟೊನೊವ್ ತಾವು ಬೆಳೆದ ಪೂರ್ವ ಯೂರೋಪಿನ ಊರುಗಳನ್ನು ನೆನೆದರು. ರಾಜರ ಕಾಲದ ಅಲಂಕೃತ ಕಟ್ಟಡ, ಅದರ ಪಕ್ಕದಲ್ಲಿಯೇ ಸರಕಾರ ಕಟ್ಟಿದ ಬೋಳು ಕಾಂಕ್ರೀಟಿನ ವಸತಿ, ತಲೆಯ ಮೇಲೆ ಟ್ರಾಮಿನ ತಂತಿಗಳ ಬಲೆ. ಒಂದು ಆಳ್ವಿಕೆ ಹೋಗಿ ಇನ್ನೊಂದು ಬಂದದ್ದನ್ನು ಗೋಡೆಗಳೇ ಹೇಳುವಂಥ ಊರುಗಳು ಅವು. ಅದರ ಮೇಲೆ ಅವರು ಹೇರಿದ್ದು ಅನ್ಯರ ನೀಲಿಗಪ್ಪು ಲೋಹ. ಅದು ಹಳೆಯ ಊರನ್ನು ಇಂಚಿಂಚಾಗಿ ನುಂಗುತ್ತ ಸಾಗುತ್ತದೆ. ನಡುವೆ ಮುಗಿಲನ್ನು ಮುಟ್ಟುವ ಒಂದು ದುರ್ಗ, ಬಹುಪಾಲು ಎಲ್ಲಿಂದ ನೋಡಿದರೂ ಕಾಣುವಂಥದು. ನೋಟಕ್ಕೆ ಅದು ದಬ್ಬಾಳಿಕೆಯ ಗುರುತು. ಆಟಗಾರನಿಗೆ ದಿಕ್ಕು ತೋರಿಸುವ ಕಂಬವೂ ಅದೇ. ಎರಡು ಕೆಲಸವನ್ನು ಒಂದೇ ಕಟ್ಟಡದಿಂದ ಮಾಡಿಸುವುದಿದೆಯಲ್ಲ, ಅದು ಈ ಕಲೆಯ ನಿಜವಾದ ಕೌಶಲ.

ಮುಂದೆ ೨೦೧೨ರಲ್ಲಿ ಫ್ರಾನ್ಸಿನ ಆರ್ಕೇನ್ ಸಂಸ್ಥೆಯ ‘ಡಿಸ್‌ಆನರ್ಡ್’ ಆಟಕ್ಕಾಗಿ ಅವರು ಸೆಬಾಸ್ಟಿಯನ್ ಮಿಟ್ಟನ್ ಅವರೊಡನೆ ಡನ್‌ವಾಲ್ ಎಂಬ ನಗರವನ್ನು ರೂಪಿಸಿದರು. ಲಂಡನ್, ಎಡಿನ್‌ಬರೋಗಳ ಛಾಯೆ ಅದರಲ್ಲಿದೆ. ಆ ನಗರವೆಲ್ಲ ನಡೆಯುವುದು ತಿಮಿಂಗಿಲದ ಎಣ್ಣೆಯಿಂದ. ಹಾಗಾದರೆ ದೀಪ ಹೇಗಿರಬೇಕು, ಎಣ್ಣೆ ತುಂಬಿದ ಪಾತ್ರೆ ಹೇಗಿರಬೇಕು, ಬೇಟೆಯ ಹಡಗು ಹೇಗಿರಬೇಕು, ಬಡವರ ಬೀದಿಗೆ ಆ ಎಣ್ಣೆ ಮುಟ್ಟದಿದ್ದಾಗ ಅಲ್ಲಿಯ ಕತ್ತಲೆ ಹೇಗಿರಬೇಕು! ಒಂದು ಎಣ್ಣೆಯಿಂದ ಒಂದು ಅರ್ಥಶಾಸ್ತ್ರವೇ ಹೊರಟಿತು.

ಇಷ್ಟಾಗಿ, ಇವರ ಚಿತ್ರಗಳು ಇವರವಲ್ಲ. ಸಂಬಳಕ್ಕೆ ಬರೆದ ಚಿತ್ರದ ಹಕ್ಕು ಸಾಮಾನ್ಯವಾಗಿ ಸಂಸ್ಥೆಗೆ ಸೇರಿದ್ದು. ಆಟ ಹೊರಬರುವ ತನಕ, ಕೆಲವೊಮ್ಮೆ ನಾಲ್ಕೈದು ವರ್ಷ, ಗೆಳೆಯರಿಗೂ ತೋರಿಸಕೂಡದು. ಆಟವೇ ರದ್ದಾದರೆ ಎಂದೆಂದಿಗೂ ಇಲ್ಲ. ಬರೆದುದರಲ್ಲಿ ಬಹುಪಾಲು ಕಸದ ಬುಟ್ಟಿಗೆ. ಬೇಲೂರಿನಲ್ಲಿ ದಾಸೋಜ, ಸೋಮನಾಥಪುರದಲ್ಲಿ ಮಲ್ಲಿತಮ್ಮ, ಇವರೂ ಇನ್ನೊಬ್ಬರ ಹಣದಿಂದಲೇ ಕಡೆದವರು. ಆದರೆ ಮೂರ್ತಿಯ ಪೀಠದಲ್ಲಿ ತಮ್ಮ ಹೆಸರನ್ನು ಕೆತ್ತಲು ಅವರಿಗೆ ಯಾರೂ ಅಡ್ಡಿಮಾಡಲಿಲ್ಲ.

ಹೆಸರಿನ ಈ ಪ್ರಶ್ನೆ ೨೦೨೨ರಿಂದೀಚೆಗೆ ಬೇರೊಂದು ರೂಪ ತಾಳಿದೆ. ಮಾತಿನಲ್ಲಿ ಕೇಳಿದರೆ ಚಿತ್ರ ಬರೆದುಕೊಡುವ ಯಂತ್ರಗಳು ಆ ವರ್ಷ ಸಾರ್ವಜನಿಕರ ಕೈಗೆ ಬಂದವು. ಪೋಲೆಂಡಿನ ಗ್ರೆಗ್ ರುಟ್ಕೊವ್ಸ್ಕಿ ಆಟಗಳಿಗೆ ಚಿತ್ರ ಬರೆಯುವ ಕಲಾವಿದರು. ಅವರ ಶೈಲಿಯಲ್ಲಿ ಬೇಕೆಂದು ಜನ ಕೆಲವೇ ವಾರಗಳಲ್ಲಿ ೯೦,೦೦೦ಕ್ಕೂ ಹೆಚ್ಚು ಸಲ ಅವರ ಹೆಸರನ್ನು ಯಂತ್ರಕ್ಕೆ ಉಸುರಿದರು. ಬದುಕಿರುವ ಕಲಾವಿದನ ಹೆಸರೇ ಒಂದು ಬಣ್ಣದ ಡಬ್ಬಿಯಾಯಿತು! ೨೦೨೩ರ ಜನವರಿಯಲ್ಲಿ ಕಾರ್ಲಾ ಓರ್ಟಿಜ್ ಎಂಬ ಪರಿಕಲ್ಪನಾ ಚಿತ್ರಕಾರ್ತಿಯೂ ಇನ್ನಿಬ್ಬರು ಕಲಾವಿದರೂ ಇಂಥ ಸಂಸ್ಥೆಗಳ ಮೇಲೆ ಸಾನ್ ಫ್ರಾನ್ಸಿಸ್ಕೊದಲ್ಲಿ ಮೊಕದ್ದಮೆ ಹೂಡಿದರು. ಅನುಮತಿಯಿಲ್ಲದೆ ತಮ್ಮ ಚಿತ್ರಗಳಿಂದ ಯಂತ್ರಕ್ಕೆ ಪಾಠ ಹೇಳಿಸಿದರೆಂಬುದು ಅವರ ದೂರು. ಕೃತಿಸ್ವಾಮ್ಯದ ಆರೋಪಗಳ ವಿಚಾರಣೆ ಮುಂದುವರಿಯಬಹುದೆಂದು ನ್ಯಾಯಾಧೀಶರು ೨೦೨೪ರ ಆಗಸ್ಟಿನಲ್ಲಿ ತೀರ್ಮಾನಿಸಿದರು. ಆ ಎರಡು ವರ್ಷಗಳಲ್ಲಿಯೇ ಆಟಗಳ ಉದ್ಯಮದಲ್ಲಿ ಸಾವಿರಾರು ಜನ ಕೆಲಸ ಕಳೆದುಕೊಂಡರು. ಅದಕ್ಕೆ ಕಾರಣಗಳು ಹಲವು. ಎಲ್ಲವನ್ನೂ ಯಂತ್ರದ ತಲೆಗೆ ಕಟ್ಟುವುದು ನ್ಯಾಯವಲ್ಲ.

ಯಂತ್ರ ಕೊಡುವುದು ಮುಗಿದಂತೆ ತೋರುವ ಚಿತ್ರ. ಎಣ್ಣೆ ಸಿಗದ ಬೀದಿಯಲ್ಲಿ ಕತ್ತಲೆ ಏಕಿರಬೇಕೆಂದು ಅದು ಕೇಳಿಕೊಂಡಿರುವುದಿಲ್ಲ. ನುರಿತ ಚಿತ್ರಕಾರರಿಗೆ ಈ ಕಾರಣದಿಂದ ಇನ್ನೂ ಕೆಲಸವುಂಟು. ನಮ್ಮ ಚಿಂತೆ ಹೊಸಬರದು. ಉಗುರಿನಷ್ಟು ಚಿಕ್ಕ ಆ ಮೂವತ್ತು ಆಕೃತಿಗಳನ್ನು ಬರೆಬರೆದೇ ಈ ಕಸುಬಿನವರ ಕೈ ತಿರುಗಿದ್ದು. ಖರ್ಚು ಉಳಿಸಲು ಸಂಸ್ಥೆಗಳು ಮೊದಲು ಯಂತ್ರಕ್ಕೆ ಒಪ್ಪಿಸಬಹುದಾದ ಕೆಲಸವೂ ಅದೇ. ಕೆಳಗಿನ ಮೆಟ್ಟಿಲನ್ನು ಕಿತ್ತ ಮೇಲೆ ಮೇಲಿನ ಮಹಡಿಗೆ ನಾಳೆ ಯಾರು ಹತ್ತುತ್ತಾರೆ?

ಬೆಂಗಳೂರಿಗೂ ಈ ಮಾತು ಸಲ್ಲುತ್ತದೆ. ೧೯೯೭ರಲ್ಲಿ ಇಲ್ಲಿ ಸ್ಥಾಪನೆಯಾದ ಧ್ರುವ ಇಂಟರ‍್ಯಾಕ್ಟಿವ್ ಸಂಸ್ಥೆ ವಿದೇಶಿ ಆಟಗಳಿಗೆ ವಾಹನಗಳೇ ಮೊದಲಾದ ಘನಾಕೃತಿಗಳನ್ನು ಮಾಡಿಕೊಟ್ಟು ಹೆಸರಾಯಿತು; ೨೦೧೯ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಸಂಸ್ಥೆ ಅದನ್ನು ಕೊಂಡಿತು. ಹೊರಗಿನವರು ಕಲ್ಪಿಸಿದ್ದನ್ನು ಇಲ್ಲಿಯವರು ಕಡೆದುಕೊಡುವ ಈ ಏರ್ಪಾಡಿನಲ್ಲಿ ಅನ್ನವಿದೆ. ಊರನ್ನು ಕನಸು ಕಾಣುವ ಅವಕಾಶ ಕಡಿಮೆ. ೨೦೨೦ರಲ್ಲಿ ಪುಣೆಯ ಕೆಲವರು ಹೊರತಂದ ‘ರಾಜಿ’ ಎಂಬ ಆಟ ಇದಕ್ಕೊಂದು ಅಪವಾದ: ರಾಜಸ್ಥಾನದ ಕೋಟೆಗಳು, ಪಹಾಡಿ ಚಿತ್ರಗಳ ಬಣ್ಣ, ಎಲ್ಲವೂ ಅಲ್ಲಿಯವರದೇ ಕಲ್ಪನೆ. ಹಂಪಿಯ ಬಂಡೆಗಳನ್ನೂ ಮಲೆನಾಡಿನ ಮಳೆಯನ್ನೂ ಕಂಡು ಬೆಳೆದ ಹುಡುಗರು ನಮ್ಮ ಚಿತ್ರಕಲಾ ಶಾಲೆಗಳಲ್ಲಿ ಈಗಲೂ ಇದ್ದಾರೆ. ಅವರು ಕೆಲಸ ಕೇಳಿಕೊಂಡು ಹೋದಾಗ, ಬಲ್ಲ ಕಲಾನಿರ್ದೇಶಕರು ಮುಗಿದ ಚಿತ್ರವನ್ನು ಒಂದು ಕ್ಷಣ ನೋಡಿ ಪಕ್ಕಕ್ಕಿಟ್ಟು, ಅದಕ್ಕೆ ಮೊದಲು ಬರೆದು ಬಿಟ್ಟ ಹಾಳೆಗಳನ್ನು ತೋರಿಸಿ ಎನ್ನುತ್ತಾರೆ.