ಗುಳಿಗೆ ಒಗ್ಗದ ಟೊಂಕನೋವು

“ಗುಳಿಗಿ ನುಂಗಿದ್ರ ಹೊಟ್ಟಿ ಉರೀತೈತಿ, ಬಿಟ್ರ ಟೊಂಕ ಏಳಗೊಡೂದಿಲ್ಲ.” ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಟೊಂಕನೋವಿನವರ ಸಂಕಟವೆಲ್ಲ ಈ ಒಂದು ಮಾತಿನಲ್ಲಿದೆ. ಎರೆಹೊಲದಲ್ಲಿ ಮುಂಜಾನೆಯಿಂದ ಬಾಗಿ ಕಳೆ ತೆಗೆಯುವವರು, ಹತ್ತಿ ಬಿಡಿಸುವವರು, ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲರು, ರಾಮದುರ್ಗ, ಸುರೇಬಾನದ ನೇಕಾರರು, ಕಬ್ಬಿನ ಹಂಗಾಮಿನಲ್ಲಿ ಹಗಲಿರುಳು ಟ್ರ್ಯಾಕ್ಟರ್ ಹೊಡೆಯುವವರು ಎಲ್ಲರೂ ಟೊಂಕದ ಮೇಲೆಯೇ ಬದುಕು ಕಟ್ಟಿಕೊಂಡವರು. ನೋವು ಮೂರು ತಿಂಗಳು ದಾಟಿದರೆ ವೈದ್ಯರು ಅದನ್ನು ದೀರ್ಘಕಾಲದ ನೋವು ಎನ್ನುತ್ತಾರೆ. ಅಷ್ಟು ಹೊತ್ತಿಗೆ ವೈದ್ಯರ ಚೀಟಿ ಹಳೆಯದಾಗಿರುತ್ತದೆ, ಅಂಗಡಿಯಲ್ಲಿ ಗುಳಿಗೆಯ ಹೆಸರು ಬಾಯಿಪಾಠವಾಗಿರುತ್ತದೆ. ಹೊಟ್ಟೆ, ರಕ್ತದೊತ್ತಡ, ಮೂತ್ರಪಿಂಡ ಒಂದೊಂದಾಗಿ ತಕರಾರು ತೆಗೆಯತೊಡಗುತ್ತವೆ.

ಗುಳಿಗೆ ಕಡಿಮೆ ಮಾಡಿದರೆ ನೋವೇ ಗೆಲ್ಲುತ್ತದೆ ಎಂಬ ಹೆದರಿಕೆ ಸಹಜ. ಆದರೆ ಬಹಳ ದಿನದ ಟೊಂಕನೋವಿನಲ್ಲಿ ಗುಳಿಗೆಯ ಪಾಲು ಮೊದಲಿನಿಂದಲೂ ಚಿಕ್ಕದು. ದೊಡ್ಡ ಪಾಲು ಇರುವುದು ನಡಿಗೆಯಲ್ಲಿ, ವ್ಯಾಯಾಮದಲ್ಲಿ, ದುಡಿಯುವ ರೀತಿಯಲ್ಲಿ.

ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ಐಬುಪ್ರೊಫೆನ್, ನಿಮೆಸುಲೈಡ್ ಎಲ್ಲವೂ ಒಂದೇ ಬಳಗದ ಔಷಧಗಳು. ಇಂಥವು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು 1971ರಲ್ಲಿ ಇಂಗ್ಲೆಂಡಿನ ಜಾನ್ ವೇನ್ ಆಸ್ಪಿರಿನ್ ಇಟ್ಟುಕೊಂಡು ತೋರಿಸಿಕೊಟ್ಟರು. 1982ರಲ್ಲಿ ಅವರಿಗೆ ನೊಬೆಲ್ ಬಂತು. ನೋವು, ಬಾವು ಹೆಚ್ಚಿಸುವ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ತಯಾರಾಗುವುದನ್ನು ಈ ಔಷಧಗಳು ತಡೆಯುತ್ತವೆ. ತೊಡಕು ಇರುವುದೂ ಇಲ್ಲಿಯೇ. ಜಠರದ ಒಳಪದರವನ್ನು ಆಮ್ಲದಿಂದ ಕಾಯುವುದೂ, ಮೈಯಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೆ ಹೋಗುವ ರಕ್ತನಾಳವನ್ನು ಅಗಲವಾಗಿ ಇಡುವುದೂ ಅದೇ ರಾಸಾಯನಿಕಗಳು. ಟೊಂಕದಲ್ಲಿ ಅವನ್ನು ತಡೆದು ಹೊಟ್ಟೆಯಲ್ಲಿ ಬಿಟ್ಟುಬಿಡು ಎಂದರೆ ಗುಳಿಗೆ ಕೇಳುವುದಿಲ್ಲ.

ಸೂಜಿ ಮಾಡಿಸಿಕೊಂಡರೆ ಹೊಟ್ಟೆಗೆ ತ್ರಾಸಿಲ್ಲ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಇದು ತಪ್ಪು. ಔಷಧ ರಕ್ತದ ಮೂಲಕವೇ ಜಠರಕ್ಕೆ ತಲುಪಿ ಅಲ್ಲಿನ ಕಾವಲನ್ನು ತೆಗೆಯುತ್ತದೆ. ಬಾಯಿಂದ ಹೋಯಿತೋ ಸೂಜಿಯಿಂದ ಹೋಯಿತೋ ಎಂಬುದರಿಂದ ಆಗುವ ವ್ಯತ್ಯಾಸ ಅಲ್ಪ. ಇನ್ನು ಜನ ‘ಗ್ಯಾಸಿನ ಗುಳಿಗಿ’ ಎನ್ನುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಹೊಟ್ಟೆಯ ಹುಣ್ಣನ್ನು ಬಹುಮಟ್ಟಿಗೆ ತಡೆಯುತ್ತವೆ ನಿಜ, ಆದರೆ ಮೂತ್ರಪಿಂಡಕ್ಕೂ ಹೃದಯಕ್ಕೂ ಅವು ರಕ್ಷೆಯಲ್ಲ. ಮಲ ಅಂಟಂಟಾಗಿ ಕಪ್ಪಗೆ ಹೋದರೆ ಒಳಗೆ ರಕ್ತ ಸೋರುತ್ತಿರಬಹುದು. ಆಗ ಗುಳಿಗೆ ಅಂದೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುವವರಲ್ಲಿ, ಅರವತ್ತು ದಾಟಿದವರಲ್ಲಿ, ಹಿಂದೆ ಹುಣ್ಣಾದವರಲ್ಲಿ ಈ ಅಪಾಯ ಹೆಚ್ಚು.

ಮೂತ್ರಪಿಂಡದ ಮಾತನ್ನು ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಅದು ಕೆಡುವಾಗ ನೋಯುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಬಿಪಿಗೆ ಟೆಲ್ಮಿಸಾರ್ಟನ್ ಒಯ್ಯುವವರು ಅನೇಕರಿದ್ದಾರೆ. ಕೆಲವರಿಗೆ ಅದರ ಜೊತೆ ಮೂತ್ರ ಹೆಚ್ಚಿಸುವ ಗುಳಿಗೆಯೂ ಇರುತ್ತದೆ. ಇವೆರಡರ ಮೇಲೆ ಟೊಂಕದ ಗುಳಿಗೆ ಸೇರಿದರೆ ಮೂರೂ ಕೂಡಿ ಮೂತ್ರಪಿಂಡವನ್ನು ದಿಢೀರ್ ಸೋಲಿಸಬಲ್ಲವು. ಬಿಪಿ ಹತೋಟಿಗೆ ಬಾರದಿರುವುದಕ್ಕೂ ಎಷ್ಟೋ ಸಲ ಟೊಂಕದ ಗುಳಿಗೆಯೇ ಕಾರಣ. ಇನ್ನು ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಕಾರ್ಖಾನೆಯಂಥ ಸಕ್ಕರೆ ಕಾರ್ಖಾನೆಗಳಿಗಾಗಿ ಬಿಸಿಲಲ್ಲಿ ಕಬ್ಬು ಕಡಿಯುವವರ ಗತಿ ನೆನೆಯಿರಿ: ಬೆವರು ಹರಿದು ಮೈ ಒಣಗಿರುತ್ತದೆ, ಟೊಂಕ ಹಿಡಿದಿರುತ್ತದೆ, ಕಿಸೆಯಲ್ಲಿ ಗುಳಿಗೆ ಇರುತ್ತದೆ. ಮಧ್ಯ ಅಮೆರಿಕದ ನಿಕರಾಗುವಾ, ಎಲ್ ಸಾಲ್ವಡಾರ್‌ಗಳಲ್ಲಿ ಸಾವಿರಾರು ಕಬ್ಬು ಕಡಿಯುವವರು, ಅದೂ ಹರೆಯದ ಗಂಡಸರು, ಮೂತ್ರಪಿಂಡ ಕೆಟ್ಟು ಸತ್ತಿದ್ದಾರೆ. ಬಿಸಿಲಿನ ದುಡಿಮೆ ಮತ್ತು ನೀರಿನ ಕೊರತೆ ಅಲ್ಲಿನ ಮುಖ್ಯ ಸಂಶಯ. ನೋವಿನ ಗುಳಿಗೆಯನ್ನೂ ತಜ್ಞರು ಸಂಶಯದ ಪಟ್ಟಿಯಲ್ಲಿ ಇಟ್ಟಿದ್ದಾರೆ. ನೀರು ಕುಡಿಯದೆ ದುಡಿದ ದಿನ, ವಾಂತಿಭೇದಿಯಾದ ದಿನ ಈ ಗುಳಿಗೆ ಬೇಡವೇ ಬೇಡ.

ರಣಹದ್ದುಗಳ ಕಥೆಯೂ ಇದೇ ಬಳಗದ ಔಷಧದ್ದು. ಒಂದು ಕಾಲಕ್ಕೆ ಲೆಕ್ಕವಿಲ್ಲದಷ್ಟಿದ್ದ ಬಿಳಿಬೆನ್ನಿನ ರಣಹದ್ದು ಭಾರತದಲ್ಲಿ ಶೇ 99ಕ್ಕೂ ಹೆಚ್ಚು ನಾಶವಾಯಿತು. ದನಗಳ ನೋವಿಗೆ ಕೊಟ್ಟ ಡೈಕ್ಲೊಫೆನಾಕ್ ಸತ್ತ ದನದ ಮಾಂಸದಿಂದ ಹದ್ದುಗಳ ಮೈ ಸೇರಿ ಮೂತ್ರಪಿಂಡ ಕೆಡಿಸುತ್ತಿತ್ತು ಎಂಬುದು 2004ರಲ್ಲಿ ಪ್ರಕಟವಾಯಿತು. 2006ರಲ್ಲಿ ಭಾರತ ಪಶುವೈದ್ಯದಲ್ಲಿ ಅದನ್ನು ನಿಷೇಧಿಸಿತು. ಮನುಷ್ಯನ ಮೂತ್ರಪಿಂಡ ಹದ್ದಿನದಕ್ಕಿಂತ ಬಹಳ ತಾಳಿಕೆಯದು. ಹಾಗೆಂದು ವರ್ಷಗಟ್ಟಲೆ ಪರೀಕ್ಷಿಸುತ್ತ ಹೋಗುವಷ್ಟು ತಾಳಿಕೆಯದಲ್ಲ.

ಹಾಗಾದರೆ ಬೇರೆ ಗುಳಿಗೆ? ಪ್ಯಾರಾಸಿಟಮಾಲ್ ಹೊಟ್ಟೆಗೆ ಸೌಮ್ಯವಾದರೂ, 2014ರಲ್ಲಿ ಆಸ್ಟ್ರೇಲಿಯಾದ ದೊಡ್ಡ ಅಧ್ಯಯನವೊಂದು ಹೊಸದಾಗಿ ಬಂದ ಟೊಂಕನೋವನ್ನು ಅದು ಬೇಗ ವಾಸಿ ಮಾಡುವುದಿಲ್ಲ ಎಂದು ತೋರಿಸಿತು. ಕಾಲಿಗೆ ಇಳಿಯುವ ನೋವಿಗೆ ಈಗ ಧಾರಾಳವಾಗಿ ಬರೆಯುವ ಪ್ರಿಗ್ಯಾಬಲಿನ್, 2017ರ ಅಧ್ಯಯನದಲ್ಲಿ ಔಷಧವೇ ಇಲ್ಲದ ಗುಳಿಗೆಗಿಂತ ಹೆಚ್ಚೇನೂ ಮಾಡಲಿಲ್ಲ. ತಲೆಸುತ್ತನ್ನು ಮಾತ್ರ ಹೆಚ್ಚಿಸಿತು. ಎಲ್ಲಕ್ಕಿಂತ ಅಪಾಯದ್ದು, ‘ಒಂದ ಡೋಸಿಗೆ ಎದ್ದು ಕುಂದರ್ತಾನ’ ಎನ್ನಿಸುವ ಸ್ಟಿರಾಯ್ಡ್. ಹೆಸರಿಲ್ಲದ ಪುಡಿಗಳಲ್ಲಿ, ಚೀಟಿ ಕಿತ್ತ ಗುಳಿಗೆಗಳಲ್ಲಿ ಅದು ಸೇರಿರುವುದುಂಟು. ತಿಂಗಳುಗಟ್ಟಲೆ ತೆಗೆದುಕೊಂಡರೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಬೆನ್ನುಮೂಳೆಯೇ ಟೊಳ್ಳಾಗುತ್ತದೆ. ಒಮ್ಮೆಲೇ ಬಿಟ್ಟರೂ ಜೀವಕ್ಕೆ ಅಪಾಯ. ಅದನ್ನು ವೈದ್ಯರ ಕಣ್ಣೆದುರೇ ಮೆಲ್ಲಗೆ ಇಳಿಸಬೇಕು.

ಗುಳಿಗೆ ಇಳಿಸಲು ಹೊರಟವರು ಮೊದಲು ಮಾಡಬೇಕಾದ್ದು ಸರಳ. ಮನೆಯಲ್ಲಿರುವ ಎಲ್ಲ ಗುಳಿಗೆ ಪಟ್ಟಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋಗುವುದು. ಬೇರೆ ಬೇರೆ ಹೆಸರಿನ ಎರಡು ಪಟ್ಟಿಗಳಲ್ಲಿ ಒಂದೇ ಔಷಧ ಇರುವುದು ಅಲ್ಲಿ ಬಯಲಾಗುತ್ತದೆ. ಬಿಪಿ, ಹಿಮೋಗ್ಲೋಬಿನ್, ರಕ್ತದ ಕ್ರಿಯಾಟಿನಿನ್, ಮೂತ್ರ ಇಷ್ಟು ತಪಾಸಣೆಯಾದರೆ ಎಷ್ಟು ಹಾನಿಯಾಗಿದೆ ಎಂಬುದೂ ತಿಳಿಯುತ್ತದೆ.

ಎಲ್ಲ ಟೊಂಕನೋವೂ ಒಂದೇ ಅಲ್ಲ ಎಂಬುದನ್ನೂ ಅಲ್ಲಿಯೇ ನೋಡಬೇಕು. ಜ್ವರ, ರಾತ್ರಿ ಬೆವರು, ಮೈ ಇಳಿಯುವುದು ಇದ್ದರೆ ಬೆನ್ನುಮೂಳೆಯ ಕ್ಷಯ ಇರಬಹುದು. ಹಸಿ ಹಾಲು ಕುಡಿಯುವವರಿಗೆ, ದನ ಕಂದು ಹಾಕಿದಾಗ ಬರಿಗೈಯಲ್ಲಿ ಬಾಣಂತನ ಮಾಡಿದವರಿಗೆ ಬ್ರುಸೆಲ್ಲಾ ಸೋಂಕು ಟೊಂಕಕ್ಕೆ ಇಳಿಯುವುದುಂಟು. ನಲವತ್ತರೊಳಗಿನವರಿಗೆ ಬೆಳಗಿನ ಜಾವ ಬೆನ್ನು ಸೆಟೆದು, ಓಡಾಡಿದಂತೆ ಸಡಿಲವಾದರೆ ಅದು ಸಂಧಿವಾತದ ಒಂದು ಬಗೆ ಇರಬಹುದು. ಅದರಲ್ಲಿ ಗುಳಿಗೆಯ ಪಾತ್ರವೇ ಬೇರೆ. ಮೂತ್ರ, ಮಲದ ಹಿಡಿತ ತಪ್ಪಿದರೆ, ತೊಡೆಸಂದಿ ಮರಗಟ್ಟಿದರೆ, ಕಾಲು ಸೋತರೆ ನಾಳೆ ಎನ್ನದೆ ಹುಬ್ಬಳ್ಳಿ ಅಥವಾ ಬೆಳಗಾವಿಯ ದೊಡ್ಡಾಸ್ಪತ್ರೆ ಮುಟ್ಟಬೇಕು.

ಇವು ಯಾವುವೂ ಇಲ್ಲದ, ‘ಗಾದಿ ಸವದೈತಿ’ ಎಂದು ಹೇಳಿಸಿಕೊಂಡವರೇ ಬಹುಪಾಲು. ಆ ಮಾತು ಕೇಳಿದ ದಿನದಿಂದ ಅವರು ಬಾಗಲು ಹೆದರುತ್ತಾರೆ. ಆದರೆ ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ನೋಡಿದಾಗ, ಐವತ್ತರ ವಯಸ್ಸಿನ ನೂರರಲ್ಲಿ ಎಂಬತ್ತು ಜನರಿಗೆ ಬೆನ್ನಿನ ಗಾದಿ (ಡಿಸ್ಕ್) ಸವೆದಿತ್ತು. ಸವೆತ ಬಹಳ ಮಟ್ಟಿಗೆ ವಯಸ್ಸಿನ ಗುರುತು. ನೋವು ಹಳೆಯದಾದಂತೆ ಗಾಯ ಮಾಗಿದ್ದರೂ ನರಮಂಡಲ ಎಚ್ಚರದಲ್ಲೇ ಉಳಿಯುತ್ತದೆ. ಕಳ್ಳನಿಗೆ ಬೊಗಳಿ ರೂಢಿಯಾದ ನಾಯಿ ಗಾಳಿಗೂ ಬೊಗಳುತ್ತದಲ್ಲ, ಹಾಗೆ. ನಿದ್ದೆ ಕೆಟ್ಟರೆ, ಸಾಲದ ಚಿಂತೆ ಹತ್ತಿದರೆ ಆ ಎಚ್ಚರ ಇನ್ನಷ್ಟು ಏರುತ್ತದೆ. ಇದು ಮನಸ್ಸಿನ ಸುಳ್ಳು ನೋವಲ್ಲ, ನಿಜವಾದ ನೋವೇ. ಬೇಸರ ಗಟ್ಟಿಯಾಗಿ ಕುಳಿತಿದ್ದರೆ ಅದಕ್ಕೂ ಚಿಕಿತ್ಸೆ ಪಡೆಯುವುದು ಟೊಂಕದ ಚಿಕಿತ್ಸೆಯ ಭಾಗವೇ ಹೌದು.

ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಟೊಂಕನೋವಿಗೆ ಮೊದಲ ಮಾರ್ಗಸೂಚಿ ಹೊರಡಿಸಿತು. ತಿಳಿವಳಿಕೆ, ವ್ಯಾಯಾಮ, ಕೈಚಿಕಿತ್ಸೆ, ಮನಸ್ಸಿಗೆ ಬಲ ಕೊಡುವ ಚಿಕಿತ್ಸೆಗಳಿಗೆ ಅದು ಒಪ್ಪಿಗೆ ಕೊಟ್ಟಿದೆ. ಟೊಂಕದ ಬೆಲ್ಟ್, ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್ ಬೇಡ ಎಂದಿದೆ. ಹಾಸಿಗೆ ಹಿಡಿಯುವುದರಿಂದ ಲಾಭವಿಲ್ಲವೆಂದು 1995ರಷ್ಟು ಹಿಂದೆಯೇ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಕಂಡುಕೊಂಡಿದ್ದರು. ಆದಷ್ಟು ನಿತ್ಯದ ಕೆಲಸ ಮಾಡಿಕೊಂಡಿದ್ದವರೇ ಅಲ್ಲಿ ಬೇಗ ಚೇತರಿಸಿಕೊಂಡರು. ನಡಿಗೆಯ ಬಗ್ಗೆ 2024ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಸುದ್ದಿ ನಮ್ಮಂಥ ಊರುಗಳಿಗೇ ಹೇಳಿ ಮಾಡಿಸಿದ್ದು. ಟೊಂಕನೋವಿನಿಂದ ಆಗಷ್ಟೇ ಎದ್ದ 701 ಜನರಲ್ಲಿ ಅರ್ಧ ಮಂದಿಗೆ ಫಿಸಿಯೊಥೆರಪಿಸ್ಟರು ನಡಿಗೆಯನ್ನು ಮೆಲ್ಲಗೆ ಏರಿಸುವುದನ್ನು ಕಲಿಸಿದರು. ನಡೆದವರಿಗೆ ನೋವು ಮರುಕಳಿಸಲು ಸುಮಾರು 208 ದಿನ ಹಿಡಿದರೆ, ಉಳಿದವರಿಗೆ 112 ದಿನ. ಗುರಿ ಇದ್ದದ್ದು ವಾರಕ್ಕೆ ಐದು ಸಲ, ಅರ್ಧ ಗಂಟೆ.

“ದಿನಾ ಹೊಲದಾಗ ಮೈಮುರಿ ದುಡಿತೀವಿ, ಮತ್ತ ವ್ಯಾಯಾಮ ಯಾಕ್ರಿ?” ಎಂಬ ಪ್ರಶ್ನೆ ನ್ಯಾಯವಾದದ್ದು. ದುಡಿಮೆಯಲ್ಲಿ ಒಂದೇ ಭಂಗಿ ಗಂಟೆಗಟ್ಟಲೆ ಇರುತ್ತದೆ, ವೇಗ ನಮ್ಮ ಕೈಯಲ್ಲಿ ಇರುವುದಿಲ್ಲ, ಬಿಡುವು ನಮ್ಮ ಮಾತಲ್ಲ. ವ್ಯಾಯಾಮದಲ್ಲಿ ಈ ಮೂರೂ ತಿರುಗುಮುರುಗು. ಕಳೆ ತೆಗೆಯುವವರ ಟೊಂಕ ಮುಂದಕ್ಕೆ ಬಾಗಿಯೇ ಇರುತ್ತದೆ. ಅದಕ್ಕೆ ನಿಂತು ಕೈಯನ್ನು ಸೊಂಟಕ್ಕೆ ಊರಿ ನಾಲ್ಕಾರು ಸಲ ಹಿಂದಕ್ಕೆ ಬಾಗುವುದು ಹಿತ. ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟ ಎತ್ತಿಳಿಸುವುದು ಕುಂಡೆಯ, ಬೆನ್ನಿನ ಸ್ನಾಯುಗಳಿಗೆ ಕಸುವು ಕೊಡುತ್ತದೆ. ನೇಕಾರರು ಅರ್ಧ ಗಂಟೆಗೊಮ್ಮೆ ಮಗ್ಗ ಬಿಟ್ಟು ಎದ್ದು ನಿಂತರೂ ದೊಡ್ಡ ಲಾಭ. ಬೆಳಗಾವಿ, ಧಾರವಾಡದ ಫಿಸಿಯೊಥೆರಪಿ ಕಾಲೇಜುಗಳ ಹೊರರೋಗಿ ವಿಭಾಗದಲ್ಲಿ ಒಮ್ಮೆ ಸರಿಯಾಗಿ ಕಲಿತು ಬಂದರೆ ಉಳಿದದ್ದು ಮನೆಯಲ್ಲೇ ಆಗುತ್ತದೆ.

ನೋವಿಲ್ಲದ ದಿನ ಬಾಕಿ ಕೆಲಸವನ್ನೆಲ್ಲ ಮುಗಿಸಿ ಮರುದಿನದಿಂದ ಮೂರು ದಿನ ಮಲಗುವುದು ಬಹುಮಂದಿಯ ರೂಢಿ. ನೋವನ್ನು ನೋಡಿ ನಿಲ್ಲಿಸುವ ಬದಲು ಗಡಿಯಾರ ನೋಡಿ ನಿಲ್ಲಿಸಬೇಕು. ಹತ್ತು ನಿಮಿಷ ನಡೆಯಬಲ್ಲವರು ಒಳ್ಳೆಯ ದಿನವೂ ಹತ್ತೇ ನಿಮಿಷ, ಕೆಟ್ಟ ದಿನವೂ ಐದಾರು ನಿಮಿಷ ನಡೆದು, ವಾರಕ್ಕೊಮ್ಮೆ ಎರಡು ನಿಮಿಷ ಕೂಡಿಸುತ್ತ ಹೋಗಲಿ. ನೋವು ಕೆರಳಿದ ದಿನ ಬಿಸಿನೀರಿನ ಶಾಖ, ಮೈ ತಿಕ್ಕಿಸಿಕೊಳ್ಳುವುದು ನೆಮ್ಮದಿ ಕೊಡುತ್ತವೆ. ಸಕ್ಕರೆ ಕಾಯಿಲೆಯವರು ಶಾಖವನ್ನು ಬೇರೆಯವರ ಕೈಯಿಂದ ಮುಟ್ಟಿ ನೋಡಿಸಿಕೊಳ್ಳಬೇಕು. ಬರೆ ಹಾಕಿಸಿಕೊಳ್ಳುವುದರಿಂದ ಉಳಿಯುವುದು ಸುಟ್ಟ ಗಾಯ ಮಾತ್ರ. ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಂಡು ಟೊಂಕ ಬಿಟ್ಟಿತು ಎನ್ನುವವರಿದ್ದಾರೆ. ಹೊಸ ಟೊಂಕನೋವು ಹೆಚ್ಚಾಗಿ ಕೆಲವೇ ವಾರಗಳಲ್ಲಿ ತಾನಾಗಿ ಇಳಿಯುವಂಥದ್ದು, ಹೆಸರು ಒದ್ದವರಿಗೆ ಹೋಗುತ್ತದೆ. ಎಲ್ಲ ಮಾಡಿಯೂ ಗುಳಿಗೆ ಬೇಕೇ ಆದರೆ ವೈದ್ಯರು ಹೇಳಿದ ಅತಿ ಕಡಿಮೆ ಪ್ರಮಾಣ, ಎರಡು ಮೂರು ದಿನ, ಉಂಡ ಮೇಲೆ, ಸಾಕಷ್ಟು ನೀರಿನ ಜೊತೆ.

ಉಳಿದದ್ದು ಕೆಲಸದ ರೀತಿ. ಹೊಲಗಳಲ್ಲಿ ಈಗ ಕಾಣುವ ಸೈಕಲ್ ಕುಂಟೆ, ಉದ್ದ ಹಿಡಿಕೆಯ ಕುರ್ಪಿ ನಿಂತೇ ಕಳೆ ತೆಗೆಯಲು ಬಿಡುತ್ತವೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ರೈತ ಮಹಿಳೆಯರ ದಣಿವು ತಗ್ಗಿಸುವ ಇಂಥ ಸಲಕರಣೆಗಳ ಮೇಲೆ ಬಹಳ ವರ್ಷಗಳಿಂದ ಕೆಲಸ ನಡೆದಿದೆ. ಒಬ್ಬ ಗಂಡಸು ಕೈಯಾರೆ ಹೊರುವ ಭಾರ 55 ಕಿಲೋ ಮೀರಬಾರದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿತು. ಕ್ವಿಂಟಲ್ ತೂಗುವ ಚೀಲವನ್ನು ಒಬ್ಬನ ಬೆನ್ನಿಗೆ ಹಾಕುವ ಕಡೆ ಹಮಾಲರ ಸಂಘ ಈ ಅಂಕಿಯನ್ನು ಮುಂದಿಟ್ಟು ಮಾತಾಡಬಹುದು. ಹತ್ತಿಗೆ ಕಿಲೋ ಲೆಕ್ಕ, ಕಬ್ಬಿಗೆ ಟನ್ ಲೆಕ್ಕದ ಕೂಲಿ ಇರುವಾಗ ಒಬ್ಬಳೇ ಎದ್ದು ನಿಂತು ಬೆನ್ನು ಚಾಚಿದರೆ ಅವಳ ಕೂಲಿಯೇ ಕಡಿಮೆಯಾಗುತ್ತದೆ. ಆದ್ದರಿಂದ ಗಂಟೆಗೊಂದು ಸಣ್ಣ ಬಿಡುವು, ಹೊಲದ ಬದುವಿನ ಮೇಲೆ ನೆರಳಲ್ಲಿ ನೀರಿನ ಕೊಡ ಇವು ಇಡೀ ಗ್ಯಾಂಗಿನ ಕರಾರಾಗಬೇಕು. ಹಂಗಾಮಿನ ಮೊದಲ ದಿನ, ಕೂಲಿಯ ದರ ಮಾತಾಡುವಾಗಲೇ ಅದನ್ನೂ ಕೂಡಿಸಿ ಮಾತಾಡುವುದು ಸುಲಭ.