ಟ್ಯಾಂಕು ಕುಗ್ಗಿತು, ಬಿಸಿಲು ಕುಗ್ಗಲಿಲ್ಲ

ಚೆನ್ನೈನ ಅಂಬತ್ತೂರಿನಿಂದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಇಂಜಿನಿಯರಿಂಗ್ ಓದುತ್ತಿರುವ ಹುಡುಗ. 1/35 ಅಳತೆಯ ಟಿ-72 ಟ್ಯಾಂಕಿನ ಪ್ಲಾಸ್ಟಿಕ್ ಕಿಟ್ ತರಿಸಿ, ರಜೆಯಲ್ಲಿ ಕೂತು ಜೋಡಿಸಿದ್ದಾರೆ. ಒಂದು ಬೋಲ್ಟೂ ತಪ್ಪಿಲ್ಲವಂತೆ. ನಿಜವಾದ ಟ್ಯಾಂಕಿನ ಫೋಟೊ ಪಕ್ಕದಲ್ಲಿಟ್ಟುಕೊಂಡು ಹಸಿರನ್ನು ಹದ ಮಾಡಿ ಬಳಿದಿದ್ದಾರೆ. "ಆದರೂ ನೋಡಿದ ಕೂಡಲೇ ಆಟಿಕೆ ಅಂತ ಗೊತ್ತಾಗುತ್ತದೆ. ಬಣ್ಣವೂ ಕಪ್ಪಿಟ್ಟಂತೆ ಕಾಣುತ್ತದೆ. ಸಣ್ಣ ಮಾಡೆಲ್‌ಗೆ ಬಳಿಯುವಾಗ ಬಣ್ಣಕ್ಕೆ ಸ್ವಲ್ಪ ಬಿಳಿ ಬೆರೆಸಬೇಕು ಅಂತ ಗೆಳೆಯರು ಹೇಳುತ್ತಾರೆ. ನಿಜವೇ?"

ಬಹಳ ಒಳ್ಳೆಯ ಪ್ರಶ್ನೆ. ಅದೂ ಕೇಳಬೇಕಾದ ಊರಿನಿಂದಲೇ ಬಂದಿದೆ. ಅಂಬತ್ತೂರಿನಿಂದ ಲೋಕಲ್ ರೈಲಿನಲ್ಲಿ ಪಶ್ಚಿಮಕ್ಕೆ ತುಸು ದೂರ ಹೋದರೆ ಆವಡಿ. ಭಾರತದಲ್ಲೇ ತಯಾರಾದ ಮೊದಲ ಟ್ಯಾಂಕ್ 'ವಿಜಯಂತ' 1965ರ ಡಿಸೆಂಬರ್‌ನಲ್ಲಿ ಅಲ್ಲಿನ ಹೆವಿ ವೆಹಿಕಲ್ಸ್ ಫ್ಯಾಕ್ಟರಿಯಿಂದ ಹೊರಬಂತು. ಟಿ-72 ಕೂಡ 'ಅಜೇಯ' ಎಂಬ ಹೆಸರಿನಲ್ಲಿ ಅಲ್ಲಿಯೇ ತಯಾರಾಯಿತು. ಟಿ-90 'ಭೀಷ್ಮ'ನೂ ಆವಡಿಯದೇ. ಅರ್ಜುನ್ ಟ್ಯಾಂಕನ್ನು ರೂಪಿಸಿದ ಡಿಆರ್‌ಡಿಒ ಪ್ರಯೋಗಾಲಯವೂ ಅದೇ ಊರಿನಲ್ಲಿದೆ. ಹಾಗಾಗಿ ನಮ್ಮ ಹುಡುಗನ ಮೇಜಿನ ಮೇಲಿರುವುದು ನೆರೆಯೂರಿನ ಟ್ಯಾಂಕು.

ಕಿಟ್ ಜೋಡಿಸುವ ಕ್ರಮವನ್ನು ಇಲ್ಲಿ ಹೇಳುವುದಿಲ್ಲ. ಚೌಕಟ್ಟಿನಿಂದ ಬಿಡಿಭಾಗ ಕತ್ತರಿಸುವುದು, ಅಂಚು ಉಜ್ಜುವುದು, ಅಂಟಿಸುವುದು, ಪ್ರೈಮರ್ ಹೊಡೆಯುವುದು ಎಲ್ಲವೂ ಪೆಟ್ಟಿಗೆಯೊಳಗಿನ ಕಾಗದದಲ್ಲಿವೆ. ಈ 1/35 ಎಂಬ ವಿಚಿತ್ರ ಸಂಖ್ಯೆಯ ಕತೆಯನ್ನು ಮಾತ್ರ ಹೇಳಿಬಿಡುತ್ತೇನೆ. 1960ರ ದಶಕದ ಆರಂಭದಲ್ಲಿ ಜಪಾನಿನ ತಮಿಯಾ ಕಂಪನಿ ಮೋಟಾರಿನಿಂದ ಓಡುವ ಪ್ಯಾಂಥರ್ ಟ್ಯಾಂಕಿನ ಕಿಟ್ ಮಾಡಿತು. ಹೊಟ್ಟೆಯೊಳಗೆ ಬ್ಯಾಟರಿಗಳು ಹಿಡಿಸಬೇಕಿತ್ತು, ಅವು ಹಿಡಿಸುವಷ್ಟು ದೊಡ್ಡದಾಗಿ ಮಾಡಿದರು. ಆಮೇಲೆ ಅಳೆದು ನೋಡಿದರೆ ಅದು ನಿಜ ಟ್ಯಾಂಕಿನ 35ರಲ್ಲಿ ಒಂದು ಪಾಲಿನಷ್ಟಿತ್ತು! ಆ ಕಿಟ್ ಚೆನ್ನಾಗಿ ಮಾರಾಟವಾಯಿತು, ಮುಂದಿನವೂ ಅದೇ ಅಳತೆಯಲ್ಲಿ ಬಂದವು, ಉಳಿದ ಕಂಪನಿಗಳೂ ಅದನ್ನೇ ಹಿಡಿದವು. ತೋಪಿನ ತುದಿಯವರೆಗೆ ಸುಮಾರು ಒಂಬತ್ತೂವರೆ ಮೀಟರ್ ಉದ್ದದ ಟಿ-72 ಹೀಗೆ 27 ಸೆಂಟಿಮೀಟರಿನಲ್ಲಿ ಮೇಜಿನ ಮೇಲೆ ಬಂದು ಕೂರುತ್ತದೆ.

ಈಗ ಬಿಳಿ ಬೆರೆಸುವ ವಿಚಾರ. ಮಾಡೆಲ್ ಮಾಡುವವರಲ್ಲಿ ಇದು ಹೆಚ್ಚುಕಡಿಮೆ ಧರ್ಮಶಾಸ್ತ್ರವೇ ಆಗಿಬಿಟ್ಟಿದೆ. ಅವರ ವಾದ ಹೀಗೆ: ದೂರದ ಬೆಟ್ಟ ಮಸುಕಾಗಿ, ನೀಲಿಯಾಗಿ ಕಾಣುತ್ತದೆ, ಏಕೆಂದರೆ ನಡುವೆ ಗಾಳಿಯ ತೆರೆಯಿದೆ. ಮಾಡೆಲನ್ನು ಅರ್ಧ ಮೀಟರ್ ದೂರದಿಂದ ನೋಡುವುದೆಂದರೆ ನಿಜವಾದ ಟ್ಯಾಂಕನ್ನು ಅದರ 35 ಪಟ್ಟು ದೂರದಿಂದ ನೋಡಿದಂತೆ. ಮಾಡೆಲ್‌ಗೂ ಕಣ್ಣಿಗೂ ನಡುವೆ ಅಷ್ಟು ಗಾಳಿ ಇಲ್ಲದ್ದರಿಂದ ಆ ಮಸುಕನ್ನು ನಾವೇ ಬಣ್ಣದಲ್ಲಿ ಬೆರೆಸಿಕೊಳ್ಳಬೇಕು.

ಕೇಳಲು ಸೊಗಸಾಗಿದೆ. ಆದರೆ ಲೆಕ್ಕ ಹಾಕಿ ನೋಡಿದವರು ಕಡಿಮೆ. ಅರ್ಧ ಮೀಟರಿನ 35 ಪಟ್ಟು ಎಂದರೆ ಹದಿನೇಳೂವರೆ ಮೀಟರ್, ರಸ್ತೆಯ ಆ ಬದಿಯ ಅಂಗಡಿಯಷ್ಟು ದೂರ. ಹತ್ತು ಕಿಲೋಮೀಟರ್ ದೂರದವರೆಗೆ ಕಣ್ಣು ಹಾಯುವ ಸಾಧಾರಣ ದಿನದಲ್ಲಿ ಅಷ್ಟು ಗಾಳಿ ಬಣ್ಣವನ್ನು ಮಸುಕು ಮಾಡುವುದು ಶೇಕಡಾ ಒಂದಕ್ಕಿಂತ ಕಡಿಮೆ. ಯಾವ ಕಣ್ಣಿಗೂ ಅದು ತಿಳಿಯುವುದಿಲ್ಲ. ರಸ್ತೆಯಾಚೆ ನಿಂತ ಹಸಿರು ಬಸ್ಸು ಯಾರಿಗಾದರೂ ಬಿಳಿಚಿಕೊಂಡು ಕಾಣುತ್ತದೆಯೆ? ಗೆಳೆಯರ ಮಾತಿನಂತೆ ಶೇಕಡಾ ಹತ್ತರಷ್ಟು, ಹದಿನೈದರಷ್ಟು ಬಿಳಿ ಬೆರೆಸಬೇಕಾದರೆ ಅರ್ಧ ಕಿಲೋಮೀಟರ್ ಆಚೆಯದು ಕಾಣದಷ್ಟು ದಟ್ಟ ಮುಸುಕು ಕವಿದಿರಬೇಕು. ಚೆನ್ನೈನಲ್ಲಿ ಅಂಥ ಬೆಳಗು ವರ್ಷಕ್ಕೊಮ್ಮೆ ಬರುವುದುಂಟು: ಸಂಕ್ರಾಂತಿಯ ಹಿಂದಿನ ದಿನ, ಭೋಗಿಯಂದು. ಬೀದಿಬೀದಿಯಲ್ಲಿ ಹಳೆಯ ಚಾಪೆ, ಟೈರು ಸುಟ್ಟ ಹೊಗೆ ಮಂಜಿನೊಡನೆ ಸೇರಿ, ಮೀನಂಬಾಕ್ಕಂನಲ್ಲಿ ವಿಮಾನಗಳು ಇಳಿಯಲಾಗದೆ ತಡವಾದ ವರ್ಷಗಳಿವೆ. ನಿಮ್ಮ ಟ್ಯಾಂಕು ಭೋಗಿಯ ಬೆಳಗಿನದ್ದಾದರೆ ಧಾರಾಳವಾಗಿ ಬಿಳಿ ಬೆರೆಸಿ. ಬೇರೆ ದಿನದ್ದಾದರೆ ಗಾಳಿಯ ಹೆಸರು ಹೇಳಬೇಡಿ.

ಹಾಗಿದ್ದರೂ ಮಾಡೆಲ್ ಕಪ್ಪಿಟ್ಟಂತೆ ಕಾಣುವುದು ನಿಜ. ಹುಡುಗನ ಕಣ್ಣು ಸರಿಯಾಗಿಯೇ ಇದೆ. ಕಾರಣ ಇರುವುದು ಬೆಳಕಿನಲ್ಲಿ. ಮಧ್ಯಾಹ್ನದ ಬಿಸಿಲಿನಲ್ಲಿ ನೆಲದ ಮೇಲೆ ಬೀಳುವ ಬೆಳಕು ಸುಮಾರು ಒಂದು ಲಕ್ಷ ಲಕ್ಸ್. ಟ್ಯೂಬ್‌ಲೈಟಿನ ಕೆಳಗಿನ ಮೇಜಿನ ಮೇಲೆ ಇನ್ನೂರು, ಮುನ್ನೂರು. ಕಣ್ಣು ಮಂದ ಬೆಳಕಿಗೆ ಹೊಂದಿಕೊಳ್ಳುತ್ತದೆ, ಆದ್ದರಿಂದ ಕೋಣೆ ಕತ್ತಲೆ ಅನಿಸುವುದಿಲ್ಲ. ಆದರೆ ಹೊಂದಿಕೊಳ್ಳುವಾಗ ಬಣ್ಣಗಳ ಕಾವು ತಗ್ಗುತ್ತದೆ. ಅದೇ ಹಸಿರು ಬಿಸಿಲಿನಲ್ಲಿ ಹೊಳೆಯುತ್ತದೆ, ಕೋಣೆಯಲ್ಲಿ ಸೊರಗುತ್ತದೆ. 1952ರಲ್ಲಿ ಇದನ್ನು ವಿವರಿಸಿದ ಬಣ್ಣವಿಜ್ಞಾನಿ ಹಂಟ್ ಅವರ ಹೆಸರಿನಿಂದಲೇ ಇದನ್ನು ಹಂಟ್ ಪರಿಣಾಮ ಎನ್ನುತ್ತಾರೆ. ಹಾಗಾಗಿ ಬಣ್ಣವನ್ನು ಒಂದಿಷ್ಟು ತಿಳಿ ಮಾಡಿಕೊಳ್ಳುವುದು ತಪ್ಪಲ್ಲ, ಅದಕ್ಕೆ ಕೊಡುವ ಕಾರಣ ತಪ್ಪು. ಕಾರಣ ತಪ್ಪಾದಾಗ ಅಳತೆಯೂ ತಪ್ಪುತ್ತದೆ. ಬಿಳಿಯನ್ನೇ ಸುರಿದು ಟ್ಯಾಂಕನ್ನು ಸೀಮೆಸುಣ್ಣದಲ್ಲಿ ಅದ್ದಿ ತೆಗೆದವರನ್ನು ನೋಡಿದ್ದೇನೆ.

ಬೆಳಕಿನ ಪ್ರಮಾಣಕ್ಕಿಂತ ದೊಡ್ಡ ಸಂಗತಿ ನೆರಳು. ನನಗೆ ಇಡೀ ವಿಷಯದಲ್ಲಿ ಅತ್ಯಂತ ಖುಷಿ ಕೊಡುವುದು ಇದೇ.

2018ರ ಏಪ್ರಿಲ್‌ನಲ್ಲಿ ಚೆನ್ನೈನಿಂದ ಮಾಮಲ್ಲಪುರಕ್ಕೆ ಹೋಗುವ ದಾರಿಯಲ್ಲಿ, ತಿರುವಿಡಂದೈ ಎಂಬಲ್ಲಿ, ಡಿಫೆಕ್ಸ್‌ಪೋ ಎಂಬ ರಕ್ಷಣಾ ಸಾಮಗ್ರಿಗಳ ಪ್ರದರ್ಶನ ನಡೆಯಿತು. ಕಡಲ ದಂಡೆಯ ಆ ಸುಡುಬಿಸಿಲಿನಲ್ಲಿ ಅರ್ಜುನ್ ಟ್ಯಾಂಕನ್ನು ಹತ್ತಿರದಿಂದ ನೋಡಿದಾಗ ಕಣ್ಣಿಗೆ ಮೊದಲು ಹೊಡೆದದ್ದು ಅದರ ಬಣ್ಣವಲ್ಲ, ನೆರಳಿನ ಗೆರೆಗಳು. ಬೆಸುಗೆಯ ಏಣು, ಕೊಕ್ಕೆ, ಮುಚ್ಚಳದ ಅಂಚು ಒಂದೊಂದರ ಕೆಳಗೂ ಮಸಿಯಲ್ಲಿ ಎಳೆದಂಥ ಕಪ್ಪು ಗೆರೆ. ನಮ್ಮ ಆಕಾಶದಲ್ಲಿ ಸೂರ್ಯನ ಅಗಲ ಬರೀ ಅರ್ಧ ಡಿಗ್ರಿ. ಅಷ್ಟು ಕಿರಿದಾದ ದೀಪದಿಂದ ಬಿದ್ದ ನೆರಳಿನ ಅಂಚು ಚೂಪಾಗಿರುತ್ತದೆ. ಒಂದು ಅಂಚಿನ ನೆರಳು ಹತ್ತು ಸೆಂಟಿಮೀಟರ್ ಆಚೆ ಬಿದ್ದರೆ, ಅದರ ಮಸುಕು ಗಡಿ ಒಂದು ಮಿಲಿಮೀಟರಿನಷ್ಟು. ಅಷ್ಟೇ.

ಈಗ ಮನೆಯ ಟ್ಯೂಬ್‌ಲೈಟನ್ನು ನೋಡಿ. ನಾಲ್ಕು ಅಡಿ ಉದ್ದ, ಮೇಜಿನಿಂದ ಎರಡು ಮೀಟರ್ ಮೇಲೆ. ಮೇಜಿನಿಂದ ನೋಡಿದರೆ ಅದು ಮೂವತ್ತು ಡಿಗ್ರಿಗೂ ಮಿಕ್ಕಿ ಚಾಚಿಕೊಂಡಿದೆ, ಸೂರ್ಯನ ಅರುವತ್ತು ಪಟ್ಟು. ಜೊತೆಗೆ ಬಿಳಿ ಗೋಡೆಗಳೂ ಸೂರೂ ನಾಲ್ಕೂ ಕಡೆಯಿಂದ ಬೆಳಕು ಚೆಲ್ಲುತ್ತವೆ. ಈ ಬೆಳಕಿನಲ್ಲಿ ಮಾಡೆಲಿನ ಬೋಲ್ಟಿಗೆ ನೆರಳೇ ಇಲ್ಲ. ಬೋಲ್ಟು ಇದೆ, ಅಳತೆಯೂ ಸರಿಯಿದೆ, ಆದರೆ ಅದು ಅಲ್ಲಿದೆ ಎಂದು ಕಣ್ಣಿಗೆ ಹೇಳುವ ಗೆರೆ ಅಳಿಸಿಹೋಗಿದೆ. ಮಿದುಳು ಕೂಡಲೇ ತೀರ್ಪು ಕೊಡುತ್ತದೆ: ಪ್ಲಾಸ್ಟಿಕ್.

ಅನುಭವಿ ಮಾಡೆಲ್‌ಗಾರರು ಮಾಡುವ 'ವಾಶ್' ಎಂಬ ಕೆಲಸದ ಗುಟ್ಟು ಇಲ್ಲಿದೆ. ಕಡುಕಂದು ಎಣ್ಣೆಬಣ್ಣವನ್ನು ನೀರಿನಂತೆ ತೆಳ್ಳಗೆ ಮಾಡಿ, ಸಣ್ಣ ಕುಂಚದ ತುದಿಯಿಂದ ಬೋಲ್ಟಿನ ಬುಡಕ್ಕೆ ಮುಟ್ಟಿಸಿದರೆ ಸಾಕು, ಬಣ್ಣ ತಾನಾಗಿಯೇ ಓಡಿ ಸುತ್ತಲೂ ಉಂಗುರ ಕಟ್ಟುತ್ತದೆ. ಓಡಿಸುವುದು ಮೇಲ್ಮೈ ಎಳೆತ. ವಸ್ತು ಸಣ್ಣದಾದಷ್ಟೂ ಅದರ ದರ್ಬಾರು ಜೋರು. ಬಹಳ ಜನ ಇದನ್ನು ಕೊಳೆ ತೋರಿಸುವ ಉಪಾಯ ಎಂದುಕೊಂಡಿದ್ದಾರೆ. ಅಲ್ಲವೇ ಅಲ್ಲ. ಕೋಣೆಯೊಳಗೆ ಬಾರದ ಸೂರ್ಯನ ಕೆಲಸವನ್ನು ಕುಂಚದಿಂದ ಮಾಡುವುದು ಅದು. ಆಮೇಲೆ ಒಣಕುಂಚದಲ್ಲಿ ಉಬ್ಬುಗಳ ನೆತ್ತಿಗೆ ತಿಳಿಬಣ್ಣ ಸವರಿದರೆ ಬಿಸಿಲು ಬಿದ್ದ ಕಡೆಯ ಲೆಕ್ಕವೂ ಮುಗಿಯಿತು.

ನಂಬಿಕೆ ಬಾರದಿದ್ದರೆ ವಾಶ್ ಮಾಡುವ ಮುಂಚೆಯೇ ಒಂದು ಪರೀಕ್ಷೆ ಮಾಡಿ. ಸಂಜೆ ನಾಲ್ಕಕ್ಕೆ ಮಾಡೆಲನ್ನು ಮಹಡಿಯ ಮೇಲೆ ಒಯ್ದು ಪ್ಯಾರಾಪೆಟ್ ಗೋಡೆಯ ಮೇಲಿಡಿ. ಟ್ಯಾಂಕನ್ನು 35 ಪಟ್ಟು ಕುಗ್ಗಿಸಿದರೂ ಸೂರ್ಯನ ಅರ್ಧ ಡಿಗ್ರಿ ಅರ್ಧ ಡಿಗ್ರಿಯೇ. ಆದ್ದರಿಂದ ಬಿಸಿಲಿನಲ್ಲಿ ಮಾಡೆಲಿನ ನೆರಳುಗಳು ನಿಜ ಟ್ಯಾಂಕಿನ ನೆರಳುಗಳ ತದ್ರೂಪಾಗಿ ಕುಗ್ಗುತ್ತವೆ. ಇನ್ನು ನಿಮ್ಮ ಕಣ್ಣನ್ನೂ ಕುಗ್ಗಿಸಬೇಕು. ನಿಂತ ಮನುಷ್ಯನ ಕಣ್ಣು ನೆಲದಿಂದ 160 ಸೆಂಟಿಮೀಟರ್ ಎತ್ತರದಲ್ಲಿದ್ದರೆ, ಈ ಲೋಕದಲ್ಲಿ ಅದು ನಾಲ್ಕೂವರೆ ಸೆಂಟಿಮೀಟರ್. ಬಗ್ಗಿ ಅಷ್ಟು ಎತ್ತರದಿಂದ ನೋಡಿ. ಕೊನೆಯದಾಗಿ ಒಂದು ಕಣ್ಣು ಮುಚ್ಚಿ. ನಮ್ಮ ಎರಡು ಕಣ್ಣುಗಳ ನಡುವಿನ ಅಂತರ ಆರು ಸೆಂಟಿಮೀಟರ್ ಚಿಲ್ಲರೆ. ಟ್ಯಾಂಕಿನ ಲೋಕದಲ್ಲಿ ಅದು ಎರಡು ಮೀಟರ್ ದಾಟುತ್ತದೆ, ಅಂದರೆ ಎರಡೂ ಕಣ್ಣು ತೆರೆದು ನೋಡುತ್ತಿರುವವನು ಒಬ್ಬ ಘಟೋತ್ಕಚ. ಒಂದು ಕಣ್ಣು ಮುಚ್ಚಿದ ಕ್ಷಣ ಟ್ಯಾಂಕು ಧುತ್ತೆಂದು ಬೆಳೆಯುತ್ತದೆ. ಮಕ್ಕಳಿಗೆ ಇದನ್ನು ತೋರಿಸಿದಾಗಲೆಲ್ಲ ಅವರು ಕೂಗಿಕೊಳ್ಳುವುದನ್ನು ಕೇಳಬೇಕು.

ಬಿಸಿಲಿನಂತೆಯೇ ಕುಗ್ಗದ ಇನ್ನೊಂದು ಸಂಗತಿ ಗುರುತ್ವ. ಟಿ-72ರ ಚಕ್ರಗಳ ಮೇಲೆ ಹಾದುಹೋಗುವ ಉಕ್ಕಿನ ಟ್ರ್ಯಾಕು ಎರಡು ರೋಲರ್‌ಗಳ ನಡುವೆ ತುಸು ಜೋತಿರುತ್ತದೆ. ಹಳೆಯ ಟಿ-55ರಲ್ಲಿ ಮೇಲಿನ ರೋಲರ್‌ಗಳೇ ಇಲ್ಲ, ಟ್ರ್ಯಾಕು ಚಕ್ರಗಳ ನೆತ್ತಿಯ ಮೇಲೆಯೇ ಮಲಗಿರುತ್ತದೆ. ಕಿಟ್ಟಿನಲ್ಲಿ ಬರುವ ಮೆತುಪ್ಲಾಸ್ಟಿಕ್ಕಿನ ಟ್ರ್ಯಾಕು ಮಾತ್ರ ಬಿಗಿದ ಬೆಲ್ಟಿನಂತೆ ಸೆಟೆದು ನಿಲ್ಲುತ್ತದೆ. ಬಾಗುವ ಪಟ್ಟಿಯೊಂದನ್ನು ಎಲ್ಲ ದಿಕ್ಕಿನಲ್ಲೂ 35 ಪಟ್ಟು ಕುಗ್ಗಿಸಿದರೆ ಅದರ ತೂಕ 42,875 ಪಟ್ಟು ಇಳಿಯುತ್ತದೆ, ಆದರೆ ಬಿಗುವು ಅಷ್ಟು ಇಳಿಯುವುದಿಲ್ಲ. ತನ್ನನ್ನು ಬಾಗಿಸಿಕೊಳ್ಳುವಷ್ಟು ಭಾರವೇ ಅದಕ್ಕೆ ಉಳಿದಿಲ್ಲ. ಇದಕ್ಕೆ ಪರಿಹಾರ ಬಿಡಿಬಿಡಿ ಕೊಂಡಿಗಳ ಲೋಹದ ಟ್ರ್ಯಾಕು. ಕೊಂಡಿಗಳ ಸರಪಳಿಗೆ ಬಿಗುವೇ ಇಲ್ಲ, ಆದ್ದರಿಂದ ಅದು ಜೋಲುವ ಆಕಾರಕ್ಕೆ ಅಳತೆಯ ಹಂಗಿಲ್ಲ. ದೇವರ ಪಟಕ್ಕೆ ಹಾಕಿದ ಮಲ್ಲಿಗೆ ಸರವೂ ರಥಕ್ಕೆ ಕಟ್ಟಿದ ದೊಡ್ಡ ಹಾರವೂ ಒಂದೇ ವಕ್ರರೇಖೆಯಲ್ಲಿ ಜೋಲುವ ಹಾಗೆ, ಮಾಡೆಲಿನ ಸರಪಳಿಯೂ ನಿಜದ್ದರಂತೆಯೇ ಜೋಲುತ್ತದೆ. ಕೀಲುಗಳಲ್ಲಿ ಬಣ್ಣ ಸೇರಿ ಅಂಟಿಕೊಳ್ಳದಂತೆ ನೋಡಿಕೊಂಡರಾಯಿತು. ದುಡ್ಡು ಹೆಚ್ಚು ಅನಿಸಿದರೆ ಮೆತುಪ್ಲಾಸ್ಟಿಕ್ಕಿನ ಟ್ರ್ಯಾಕನ್ನೇ ರೋಲರ್‌ಗಳ ನಡುವೆ ತುಸು ಕೆಳಗೆ ಒತ್ತಿ ಅಂಟಿಸಿ.

ತೂಕದ ಮಾತಿನಲ್ಲೇ ಇನ್ನೊಂದು. ಸುಮಾರು 41 ಟನ್ನಿನ ಟ್ಯಾಂಕು ಅದೇ ಉಕ್ಕಿನಲ್ಲಿ ಈ ಅಳತೆಗೆ ಇಳಿದರೆ ಒಂದು ಕಿಲೋ ಹತ್ತಿರ ತೂಗಬೇಕು. ಪ್ಲಾಸ್ಟಿಕ್ ಅದಕ್ಕಿಂತ ಎಷ್ಟೋ ಹಗುರ. ಆದ್ದರಿಂದ ಮಣ್ಣಿನ ನೆಲ ಮಾಡಿ ಅದರ ಮೇಲೆ ಮಾಡೆಲ್ ಇಟ್ಟರೆ ಅದು ತೇಲಿದಂತೆ ಕಾಣುತ್ತದೆ. ಮಣ್ಣು ಹಸಿಯಿರುವಾಗಲೇ ಕೈಯಿಂದ ಒತ್ತಿ ಹೂಳಬೇಕು. ಆ ಮಣ್ಣಿಗೆ ಮರೀನಾ ಬೀಚಿನ ಮರಳು ಬೇಡ. ಅರ್ಧ ಮಿಲಿಮೀಟರಿನ ಮರಳಿನ ಕಣ ಈ ಲೋಕದಲ್ಲಿ ಒಂದೂಮುಕ್ಕಾಲು ಸೆಂಟಿಮೀಟರಿನ ಜಲ್ಲಿ! ಧೂಳಿಗೆ ಬೇಕಾದದ್ದು ಅತಿ ನಯವಾದ ಪುಡಿ. ಚೆನ್ನೈನ ಮನೆಗಳ ಮುಂದೆ ಕೋಲಕ್ಕೆ ಕೆಂಪಂಚು ಎಳೆಯುವ ಕಾವಿ ಇದೆಯಲ್ಲ, ಅದನ್ನು ತೆಳುಬಟ್ಟೆಯಲ್ಲಿ ಸೋಸಿಕೊಳ್ಳಿ. ಕಾವಿಯ ಕೆಂಪು ಕಬ್ಬಿಣದ ಆಕ್ಸೈಡಿನದು, ತುಕ್ಕಿನ ನಂಟ. ಆದರೆ ತುಕ್ಕನ್ನು ಮೈಗೆಲ್ಲ ಬಳಿಯಬೇಡಿ. ಸೇವೆಯಲ್ಲಿರುವ ಟ್ಯಾಂಕನ್ನು ಸೈನಿಕರು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಾರೆ. ನೀವು ಬಣ್ಣ ಕೆರೆದು ತೋರಿಸಿದ ಒಂದು ಮಿಲಿಮೀಟರ್ ಗಾಯ ನಿಜದಲ್ಲಿ ಮೂರೂವರೆ ಸೆಂಟಿಮೀಟರಿನದು. ಮೈತುಂಬ ಅಂಥ ಗಾಯಗಳಿರುವ ಟ್ಯಾಂಕು ಗುಜರಿಯಲ್ಲಿರುತ್ತದೆ, ರೆಜಿಮೆಂಟಿನಲ್ಲಿ ಅಲ್ಲ.

ಪತ್ರದ ಕೊನೆಯಲ್ಲಿ ಇನ್ನೊಂದು ಸಾಲಿದೆ. ಯುದ್ಧದ ವಸ್ತು ಮನೆಯಲ್ಲಿದ್ದರೆ ಜಗಳ ಹುಟ್ಟುತ್ತದೆ ಎಂದು ವಾಸ್ತು ಹೇಳುವವರು ಹುಡುಗನ ಅಮ್ಮನನ್ನು ಹೆದರಿಸಿದ್ದಾರಂತೆ. ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿಗೆ ಗಂಡಹೆಂಡಿರನ್ನು ಜಗಳವಾಡಿಸುವ ಯಾವ ಗುಣವೂ ಇಲ್ಲ. ಅಮ್ಮನವರು ಹೆದರಬೇಕಾದದ್ದು ಬೇರೆಯದಕ್ಕೆ: ಮುಚ್ಚಿದ ಕೋಣೆಯಲ್ಲಿ ತುಂಬುವ ಥಿನ್ನರ್ ಆವಿಗೆ, ರೆಸಿನ್ ಭಾಗಗಳನ್ನು ಉಜ್ಜುವಾಗ ಎದ್ದು ಪುಪ್ಪುಸ ಸೇರುವ ಪುಡಿಗೆ. ಈಶಾನ್ಯದ ಮೂಲೆಯಲ್ಲಿಟ್ಟರೂ ನೈಋತ್ಯದಲ್ಲಿಟ್ಟರೂ ಅವು ಒಂದೇ ರೀತಿ ಕೆಡುಕು. ಕಿಟಕಿ ತೆರೆದು, ಫ್ಯಾನು ಹೊರಮುಖ ಮಾಡಿ, ಒಳ್ಳೆಯ ಮಾಸ್ಕ್ ಹಾಕಿ ಕೆಲಸ ಮಾಡಿ.

ಕಿಟಕಿ ತೆರೆದಾಗ ಚೆನ್ನೈನ ತೇವವೂ ಒಳಬರುತ್ತದೆ. ಲ್ಯಾಕರ್ ಬಣ್ಣ ಸ್ಪ್ರೇ ಮಾಡಿದಾಗ ಥಿನ್ನರ್ ಬೇಗ ಆವಿಯಾಗಿ ಆ ಜಾಗವನ್ನು ತಣ್ಣಗಾಗಿಸುತ್ತದೆ, ತೇವದ ಗಾಳಿ ಅಲ್ಲಿ ಹನಿಗಟ್ಟಿ ಬಣ್ಣದ ಮೇಲೆ ಬಿಳಿಯ ಪೊರೆ ಮೂಡುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಮಳೆಗಾಲದಲ್ಲಿ ಕತ್ತರಿಸುವ, ಅಂಟಿಸುವ ಕೆಲಸ ಮುಗಿಸಿಕೊಂಡು, ಬಣ್ಣವನ್ನು ಫೆಬ್ರವರಿ, ಮಾರ್ಚ್‌ಗೆ ಇಟ್ಟುಕೊಳ್ಳಿ. ಆಗಲೂ ಬೆಳಗಿನ ತೇವ ಆರಿದ ಮೇಲೆ, ಹನ್ನೊಂದರ ಹೊತ್ತಿಗೆ ಶುರುಮಾಡಿ. ಮಧ್ಯಾಹ್ನ ಪೂರ್ವದಿಂದ ಕಡಲಗಾಳಿ ಬೀಸತೊಡಗಿತೆಂದರೆ ಏರ್‌ಬ್ರಷ್ ತೊಳೆದಿಡಿ.